ದಡ್ಡನೆಂದು ಬರೆಯುವ ಮುನ್ನ

ಕಳೆದ ಕಾರ್ತಿಕ ಮಾಸದಲ್ಲಿ ಸಿರುಗುಪ್ಪದಿಂದ ನಮ್ಮ ತಂಗಿಯ ದೂರವಾಣಿ ಕರೆ ಬಂದಿತು. ನಾಲ್ಕನೆಯ ತರಗತಿಯಲ್ಲಿರುವ ಮೊಮ್ಮಗನಿಗೆ ಓದು ಹತ್ತುತ್ತಿಲ್ಲ. ಶಾಲೆಯ ಶಿಕ್ಷಕಿಯರು ತಪಾಸಣಾ ಶಿಬಿರಕ್ಕೆ ಕರೆತನ್ನಿರೆಂದು ಚೀಟಿ ಕಳುಹಿಸಿದ್ದಾರೆ. ಅಲ್ಲಿಗೆ ಹೋದರೆ ಮಗುವಿನ ಮೇಲೆ ಅಂಗವಿಕಲನೆಂಬ ಮೊಹರು ಬೀಳುತ್ತದೆ. ಅದರ ಬದಲು ಅವನ ನಾಲಗೆಯ ಮೇಲೆ ವಿಭೂತಿಯಿಂದ ಓಂಕಾರ ಬರೆದರೆ ಆಗದೇ, ಮಠದಲ್ಲಿ ಓದಿದ ನೀವೇ ಬರೆದರೂ ಆದೀತು ಎಂಬುದು ಆಕೆಯ ಮಾತಿನ ಸಾರ. ಮನೆಯಲ್ಲಿ ಮದುವೆಗೆ ಬಂದ ದೊಡ್ಡ ಮೊಮ್ಮಗಳಿದ್ದಾಳೆ ಎಂಬುದನ್ನು ಆಕೆ ಹೇಳಲಿಲ್ಲ. ನಮಗೆ ತಿಳಿದಿತ್ತು.

ಓಂಕಾರ ಬರೆಯಲು ನಮಗೆ ಅಡ್ಡಿಯೇನೂ ಇರಲಿಲ್ಲ. ಆದರೆ ಆ ಕ್ಷಣದಲ್ಲಿ ಕುರುಗೋಡಿನ ಒಬ್ಬ ಬಾಲಕ ಕಣ್ಣ ಮುಂದೆ ಬಂದು ನಿಂತನು. ವಾಚಕ ಬಂಧುಗಳ ಮುಂದೆ ಅದನ್ನು ಮುಚ್ಚಿಡದೆ ನಿವೇದಿಸುವುದು ಉಚಿತವೆಂದು ತೋರುತ್ತದೆ.

೧೯೮೬ರ ಮಾತು. ಮಠದ ಪ್ರಸಾದ ನಿಲಯದಲ್ಲಿ ಉಂಡು, ಅಲ್ಲಿಯ ಪಾಠಶಾಲೆಯಲ್ಲಿ ಸಂಸ್ಕೃತ ಮತ್ತು ಹಳಗನ್ನಡವನ್ನು ಓದಿ, ಆಗಿನ್ನೂ ಬಳ್ಳಾರಿ ತಾಲ್ಲೂಕಿಗೆ ಸೇರಿದ್ದ ಕುರುಗೋಡಿನಲ್ಲಿ ನಾವು ಉಪಾಧ್ಯಾಯರಾಗಿ ಸೇರಿದ್ದೆವು. ಮಠದ ಪಾಠಕ್ರಮವೆಂದರೆ ಗುರು ಹೇಳಬೇಕು, ಶಿಷ್ಯನು ಕೇಳಿ ಮರುನುಡಿಯಬೇಕು. ಮರುನುಡಿಯದವನು ಮಂದಮತಿ. ಇದಕ್ಕಿಂತ ಬೇರೆ ಅಳತೆಗೋಲು ನಮ್ಮ ಬಳಿ ಇರಲಿಲ್ಲ. ಹಿಂದಿನ ಸಾಲಿನಲ್ಲಿ ಕುಳಿತಿರುತ್ತಿದ್ದ ಒಬ್ಬ ಹುಡುಗ, ಹತ್ತು ವರ್ಷದವನಿರಬಹುದು, ಕರೆದರೆ ಏಳುತ್ತಿರಲಿಲ್ಲ. ಕೆಲವು ದಿನ ಸರಿಯಾಗಿ ಉತ್ತರಿಸುತ್ತಿದ್ದನು, ಕೆಲವು ದಿನ ಕಲ್ಲಿನಂತೆ ಕುಳಿತಿರುತ್ತಿದ್ದನು. ಇದು ಸೊಕ್ಕೆಂದೇ ನಾವು ತಿಳಿದೆವು. ಒಂದು ದಿನ ಕಿವಿ ಹಿಂಡಿದಾಗ ಬೆರಳಿಗೆ ಕೀವು ಹತ್ತಿತು. ಸ್ನಾನ ಮಾಡಿ ಬರುವುದಿಲ್ಲವೆಂದು ಅದಕ್ಕೂ ಬೈದೆವು. ವರ್ಷದ ಕೊನೆಗೆ ಅವನ ತಂದೆಯನ್ನು ಕರೆಯಿಸಿ, ಇವನಿಗೆ ವಿದ್ಯೆ ಹತ್ತುವುದಿಲ್ಲ, ಹೊಲದ ಕೆಲಸಕ್ಕೆ ಹಚ್ಚಿರೆಂದು ಹೇಳಿದೆವು. ಆ ರೈತನು ನಮ್ಮ ಹಣೆಯ ವಿಭೂತಿಯನ್ನು ನೋಡಿ ನಮಸ್ಕರಿಸಿ, ಮಗನ ಪಾಟಿಚೀಲವನ್ನು ಎತ್ತಿಕೊಂಡು ಹೋದನು.

ಹಲವು ವರ್ಷಗಳ ಬಳಿಕ ಕಿವಿಯ ವೈದ್ಯರೊಬ್ಬರು ಮಾತಿನ ನಡುವೆ ಹೇಳಿದರು: ಕಿವಿ ಸೋರುವ ಮಗುವಿನ ಶ್ರವಣ ದಿನಕ್ಕೊಂದು ಬಗೆಯಾಗಿರುತ್ತದೆ, ನೆಗಡಿ ಬಂದಾಗ ತಗ್ಗುತ್ತದೆ, ಕಿವಿ ಒಣಗಿದಾಗ ತುಸು ಏರುತ್ತದೆ, ಆದುದರಿಂದ ಇಂತಹ ಮಕ್ಕಳನ್ನು ಜನರು ಕಿವುಡರೆನ್ನುವುದಿಲ್ಲ, ಉದಾಸೀನರೆನ್ನುತ್ತಾರೆ. ಅಂದು ರಾತ್ರಿ ನಮಗೆ ನಿದ್ರೆ ಬರಲಿಲ್ಲ.

ಆದುದರಿಂದ ತಂಗಿಗೆ, ಓಂಕಾರವನ್ನು ಆಮೇಲೆ ಬರೆಯೋಣ, ಮೊದಲು ಶಿಬಿರಕ್ಕೆ ಹೋಗೋಣ, ನಾವೇ ಬರುತ್ತೇವೆ ಎಂದೆವು.

ಸಿರುಗುಪ್ಪದ ಶಿಬಿರದಲ್ಲಿ ಮೊದಲು ನಡೆದುದು ಮಗುವಿನ ಪರೀಕ್ಷೆಯಲ್ಲ, ತಾಯಿಯ ವಿಚಾರಣೆ. ಹೆರಿಗೆ ಹೇಗಾಯಿತು, ಮಗು ಹುಟ್ಟಿದೊಡನೆ ಅತ್ತಿತೇ, ಎಷ್ಟು ತಿಂಗಳಿಗೆ ಕುಳಿತಿತು, ಎಂದು ಮಾತು ಕಲಿತಿತು, ಜ್ವರದಲ್ಲಿ ಸೆಳವು ಬಂದಿತ್ತೇ, ಗಂಡ ಹೆಂಡಿರು ಹತ್ತಿರದ ರಕ್ತಸಂಬಂಧಿಗಳೇ? ಕೊನೆಯ ಪ್ರಶ್ನೆಗೆ ನಮ್ಮ ಸೊಸೆ ತಲೆ ತಗ್ಗಿಸಿದಳು. ಸೋದರಮಾವನಿಗೆ ಕೊಟ್ಟು ಮಾಡಿದ ಮದುವೆ ಅದು, ಹಿರಿಯರಾದ ನಾವೇ ಮುಂದೆ ನಿಂತು ಮಾಡಿಸಿದ್ದು. ಇಂತಹ ಸಂಬಂಧಗಳಲ್ಲಿ ಹುಟ್ಟುಗಿವುಡು ಮೊದಲಾದ ಕೆಲವು ತೊಂದರೆಗಳ ಸಂಭವ ಹೆಚ್ಚು ಎಂಬುದನ್ನು ವೈದ್ಯರು ಎಷ್ಟೋ ಕಾಲದಿಂದ ಹೇಳುತ್ತ ಬಂದಿದ್ದಾರೆ. ಹೊಲಮನೆ ಹೊರಗೆ ಹೋಗಬಾರದೆಂಬ ಲೆಕ್ಕದಲ್ಲಿ ನಮ್ಮ ಮನೆತನಗಳು ಇದನ್ನು ಕೇಳಿಯೂ ಕೇಳದಂತಿವೆ. ಅದು ಬೇರೆಯೇ ಲೇಖನದ ವಿಷಯ.

ಆ ಬಳಿಕ ಕಣ್ಣು, ಕಿವಿ. ಕಣ್ಣು ಕಾಣದ, ಕಿವಿ ಕೇಳದ ಮಗುವನ್ನು ಬುದ್ಧಿಯ ಪರೀಕ್ಷೆಗೆ ಕೂರಿಸಿದರೆ ಬರುವ ಅಂಕಿಗೆ ಬೆಲೆಯಿಲ್ಲವೆಂಬುದು ಅಲ್ಲಿಯ ವಿಶೇಷ ಶಿಕ್ಷಕರ ಮಾತು. ಕುರುಗೋಡಿನಲ್ಲಿ ನಾವು ಮಾಡಿದ್ದು ಇದರ ತಿರುವುಮುರುವನ್ನು. ನಮ್ಮ ಹುಡುಗನ ಕಣ್ಣು ಕಿವಿಗಳೆರಡೂ ಸರಿಯಾಗಿದ್ದವು. ಮುಂದಿನ ಪರೀಕ್ಷೆಗೆ ಬಳ್ಳಾರಿಗೆ ಬರೆದುಕೊಟ್ಟರು. ಶಿಬಿರವೆಂಬುದು ಜರಡಿ ಮಾತ್ರ, ತೀರ್ಪಲ್ಲ ಎಂಬುದು ತಂಗಿಗೆ ಅಲ್ಲಿಯೇ ಅರ್ಥವಾದುದರಿಂದ ಅರ್ಧ ಭಯ ಇಳಿಯಿತು.

ಬಳ್ಳಾರಿಯಲ್ಲಿ ಪರೀಕ್ಷೆಗೆ ಕುಳಿತ ಮನಶ್ಶಾಸ್ತ್ರಜ್ಞೆ ವಯಸ್ಸಿನಲ್ಲಿ ನಮ್ಮ ಮಗಳಿಗಿಂತ ಚಿಕ್ಕವರು. ನಮ್ಮ ಸರದಿ ಬರುವ ಮೊದಲು ಆಲೂರು ಕಡೆಯ ಕೂಲಿಕಾರ ತಾಯಿಯೊಬ್ಬಳು ಮಗಳನ್ನು ಕರೆತಂದಿದ್ದಳು. ಬಾಗಿಲು ತೆರೆದೇ ಇದ್ದುದರಿಂದ ಒಳಗಿನ ಮಾತು ಹೊರಗೆ ಕುಳಿತ ನಮಗೂ ಕೇಳಿಸುತ್ತಿತ್ತು. ಕನ್ನಡದಲ್ಲಿ ಕೇಳಿದ ಪ್ರಶ್ನೆಗಳಿಗೆ ಆ ಬಾಲಕಿ ನೆಲ ನೋಡುತ್ತಿದ್ದಳು. ಪರೀಕ್ಷಕಿ ಪುಸ್ತಕ ಮುಚ್ಚಿ, ಮನೆಯಲ್ಲಿ ಯಾವ ಮಾತು ಎಂದು ತಾಯಿಯನ್ನು ಕೇಳಿದರು. ತೆಲುಗು ಎಂದಳು. ಅವರು ತೆಲುಗಿನಲ್ಲಿ ಮೊದಲಿನಿಂದ ಆರಂಭಿಸಿದರು. ಹುಡುಗಿ ಮುಖ ಎತ್ತಿ ಸರಸರನೆ ಉತ್ತರಿಸತೊಡಗಿದಳು. ೧೯೫೩ರಲ್ಲಿ ಬಳ್ಳಾರಿಯನ್ನು ಮೈಸೂರಿಗೂ ಆದವಾನಿ, ಆಲೂರು, ರಾಯದುರ್ಗಗಳನ್ನು ಆಂಧ್ರಕ್ಕೂ ಹಂಚಿ ಗೆರೆ ಎಳೆದರು. ಆದರೆ ಸಿರುಗುಪ್ಪದ ಬತ್ತದ ಗದ್ದೆಗೆ ಕೂಲಿಗೆ ಬರುವವರ ನಾಲಗೆಯ ಮೇಲೆ ಆ ಗೆರೆ ಇಲ್ಲ. ಮನೆಮಾತು ತೆಲುಗು, ಲಂಬಾಣಿ, ಉರ್ದು ಆಗಿರುವ ಎಷ್ಟು ಮಕ್ಕಳನ್ನು ನಾವು ಕನ್ನಡ ಶಾಲೆಯಲ್ಲಿ ಕೂರಿಸಿಕೊಂಡು ದಡ್ಡರೆಂದು ಕರೆದಿರಬಹುದು!

ನಮ್ಮ ಹುಡುಗನ ಮುಂದೆ ಒಂದು ಮರದ ಹಲಗೆಯನ್ನು ಇಟ್ಟರು. ಅದರಲ್ಲಿ ನಕ್ಷತ್ರ, ವೃತ್ತ ಮುಂತಾದ ಹತ್ತು ಆಕಾರದ ಕುಳಿಗಳು. ಹತ್ತು ಮರದ ತುಂಡುಗಳನ್ನು ಬೇಗ ಬೇಗ ಅವುಗಳಲ್ಲಿ ಕೂರಿಸಬೇಕು. ಅವನು ಅದನ್ನು ಆಟದಂತೆ ಮುಗಿಸಿಬಿಟ್ಟನು. ನಂತರ ಮಾತಿನ ಪ್ರಶ್ನೆಗಳು. ಇದರ ಮೂಲ ಫ್ರಾನ್ಸಿನ ಆಲ್‌ಫ್ರೆಡ್ ಬಿನೆ ೧೯೦೫ರಲ್ಲಿ ರಚಿಸಿದ ಪರೀಕ್ಷೆ. ಶಾಲೆಯಲ್ಲಿ ವಿಶೇಷ ಬೋಧನೆ ಯಾರಿಗೆ ಬೇಕೆಂದು ಗುರುತಿಸುವುದಷ್ಟೇ ಅವರ ಉದ್ದೇಶವಾಗಿತ್ತು. ನಮಗೆ ಅಭಿಮಾನವೆನಿಸಿದ ಸಂಗತಿಯೆಂದರೆ, ಧಾರವಾಡದ ವಿ. ವಿ. ಕಾಮತರು ೧೯೩೦ರ ದಶಕದಲ್ಲಿ ಅದನ್ನು ಕನ್ನಡ ಮತ್ತು ಮರಾಠಿ ಮಾತಿನ ಮಕ್ಕಳಿಗಾಗಿ ಪರಿಷ್ಕರಿಸಿದರು. ಬಿನೆ–ಕಾಮತ್ ಪರೀಕ್ಷೆಯೆಂಬ ಹೆಸರಿನಲ್ಲಿ ಅದು ಇಂದಿಗೂ ಬಳಕೆಯಲ್ಲಿದೆ. ಆದರೆ ತೊಂಬತ್ತು ವರ್ಷಗಳ ಹಿಂದಿನ ಮಕ್ಕಳಿಗೆ ಹೊಲಿದ ಅಂಗಿ ಇಂದಿನವರಿಗೆ ಎಷ್ಟು ಒಪ್ಪೀತು? ಈ ಪ್ರಶ್ನೆಯನ್ನು ಕೇಳಿದಾಗ ಪರೀಕ್ಷಕಿ ನಕ್ಕು, ಅದಕ್ಕೆಂದೇ ನಾವು ಒಂದೇ ಅಂಗಿ ತೊಡಿಸಿ ನೋಡುವುದಿಲ್ಲ ಅಜ್ಜಾರೆ ಎಂದರು.

ಬುದ್ಧಿಯಲ್ಲಿ ಕೊರತೆಯಿಲ್ಲವೆಂದು ಕಂಡ ಮೇಲೆ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಸಿದ್ಧಪಡಿಸಿದ ಓದು, ಬರಹ, ಲೆಕ್ಕಗಳ ಪರೀಕ್ಷೆಯನ್ನು ಕೊಟ್ಟರು. ಉಕ್ತಲೇಖನದ ಹಾಳೆಯನ್ನು ನಮ್ಮ ಕೈಗಿತ್ತರು. ‘ಸೂರ್ಯ’ ಎಂಬುದು ‘ಸುಯ’ ಆಗಿತ್ತು, ‘ಅಮ್ಮ’ ‘ಅಮ’ ಆಗಿತ್ತು. ಪಕಾರ ವಕಾರಗಳು ಸ್ಥಳ ಬದಲಿಸಿದ್ದವು. ದೀರ್ಘವೂ ಒತ್ತೂ ಎಲ್ಲೆಲ್ಲಿ ಬರಬೇಕೋ ಅಲ್ಲಲ್ಲಿ ಬಿದ್ದುಹೋಗಿದ್ದವು. ಅದನ್ನು ನೋಡುತ್ತಿದ್ದಂತೆ ನಮಗೆ ತಾಡೋಲೆಗಳು ನೆನಪಾದವು. ನಾಲ್ಕು ದಶಕಗಳಿಂದ ನಾವು ಓಲೆಯ ಪ್ರತಿಗಳನ್ನು ಹೋಲಿಸಿ ಪಾಠಾಂತರ ಗುರುತಿಸುತ್ತ ಬಂದವರು. ಒತ್ತು ಬಿಟ್ಟ, ದೀರ್ಘ ಮರೆತ, ಪಕಾರವನ್ನು ವಕಾರ ಮಾಡಿದ ಲಿಪಿಕಾರರನ್ನು ಎಷ್ಟು ಮಂದಿಯನ್ನು ಕಂಡಿಲ್ಲ! ತಪ್ಪಿದ್ದಲ್ಲಿ ತಿದ್ದಿಕೊಳ್ಳಿರೆಂದು ಅವರು ಗ್ರಂಥದ ಕೊನೆಗೆ ಬೇಡಿಕೊಂಡರೆ ನಾವು ಸಂತೋಷದಿಂದ ತಿದ್ದಿ, ಅಡಿಟಿಪ್ಪಣಿ ಬರೆದು, ವಿದ್ವತ್ತೆಂದು ಮೆರೆದಿದ್ದೇವೆ. ಅದೇ ತಪ್ಪನ್ನು ಮಾಡಿದ ಒಂಬತ್ತು ವರ್ಷದ ಹುಡುಗನಿಗೆ ಮನೆಯಲ್ಲಿ ಬೆತ್ತದ ಏಟು ಬಿದ್ದಿತ್ತು.

೧೯೯೫ರ ಅಂಗವಿಕಲರ ಕಾಯ್ದೆಯಲ್ಲಿ ಏಳು ಬಗೆಯ ವೈಕಲ್ಯಗಳಷ್ಟೇ ಇದ್ದವು, ಕಲಿಕೆಯ ಈ ತೊಡಕಿಗೆ ಅಲ್ಲಿ ಹೆಸರೇ ಇರಲಿಲ್ಲ. ೨೦೧೬ರ ಕಾಯ್ದೆ ಅವುಗಳನ್ನು ೨೧ಕ್ಕೆ ಏರಿಸಿ, ನಿರ್ದಿಷ್ಟ ಕಲಿಕಾ ನ್ಯೂನತೆಯನ್ನೂ ಸೇರಿಸಿತು. ಶಾಲೆಯ ಮಕ್ಕಳನ್ನು ಐದು ವರ್ಷಕ್ಕೊಮ್ಮೆ ಸಮೀಕ್ಷೆ ಮಾಡಿ ಇಂತಹವರನ್ನು ಗುರುತಿಸುವುದು ಸರ್ಕಾರದ ಹೊಣೆಯೆಂದೂ ಅದು ಹೇಳುತ್ತದೆ. ಶೇಕಡಾ ೪೦ ಅಥವಾ ಅದಕ್ಕಿಂತ ಹೆಚ್ಚು ನ್ಯೂನತೆ ಇದ್ದ ಮಗುವಿಗೆ ಆರರಿಂದ ಹದಿನೆಂಟು ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆಯಲು ಸಹಾಯಕ ಮೊದಲಾದ ಅನುಕೂಲಗಳೂ ದೊರೆಯುತ್ತವೆ.

ಇಷ್ಟೆಲ್ಲ ವಿವರಿಸಿದ ಮೇಲೂ ಪ್ರಮಾಣಪತ್ರದ ಅರ್ಜಿಗೆ ಸಹಿ ಹಾಕುವ ಹೊತ್ತಿಗೆ ಮನೆಯಲ್ಲಿ ಕೋಲಾಹಲವಾಯಿತು. ದೊಡ್ಡ ಮೊಮ್ಮಗಳನ್ನು ನೋಡಲು ಬರುವವರಿಗೆ ಏನು ಹೇಳುವುದು ಎಂದು ತಂಗಿ ಬಾಯಿ ಬಿಟ್ಟೇ ಕೇಳಿದಳು. ಹಿಂದಿನ ಜನ್ಮದ ಕರ್ಮವೆಂದು ಇನ್ನೊಬ್ಬರೆಂದರು. ನಮಗೆ ಸಿಟ್ಟು ಬಂದಿತು. ಹಾನಗಲ್ಲ ಕುಮಾರ ಶಿವಯೋಗಿಗಳು ಕಾಡಶೆಟ್ಟಿಹಳ್ಳಿಯ ಇಬ್ಬರು ಅಂಧ ಸಹೋದರರನ್ನು ಕಂಡಾಗ ಕರ್ಮದ ಲೆಕ್ಕ ಹಾಕುತ್ತ ಕೂರಲಿಲ್ಲ; ಮಕ್ಕಳು ಹಾಡುವುದನ್ನು ಕೇಳಿದರು, ಸಂಗೀತ ಕಲಿಸುವ ಏರ್ಪಾಟು ಮಾಡಿದರು. ಅವರಲ್ಲೊಬ್ಬರು ಪಂಚಾಕ್ಷರ ಗವಾಯಿಗಳಾದರು. ಬಾಲ್ಯದಲ್ಲಿಯೇ ಕಣ್ಣು ಕಳೆದುಕೊಂಡ ಅವರ ಶಿಷ್ಯ ಪುಟ್ಟರಾಜ ಗವಾಯಿಗಳು ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ೨೦೧೦ರಲ್ಲಿ ಲಿಂಗೈಕ್ಯರಾಗುವ ತನಕ ಬೆಳೆಸಿ, ಕನ್ನಡ, ಸಂಸ್ಕೃತ, ಹಿಂದಿಗಳಲ್ಲಿ ಗ್ರಂಥ ಬರೆದರು. ಮಗುವಿಗೆ ಏನು ಬರುವುದಿಲ್ಲ ಎಂಬುದರೊಡನೆ ಏನು ಬರುತ್ತದೆ ಎಂಬುದನ್ನೂ ನೋಡುವುದೇ ಪರೀಕ್ಷೆಯಾದರೆ, ಹಾನಗಲ್ಲ ಪೂಜ್ಯರಿಗಿಂತ ದೊಡ್ಡ ಪರೀಕ್ಷಕರು ಯಾರಿದ್ದಾರೆ ಎಂದು ನಾವು ತುಸು ಗಟ್ಟಿಯಾಗಿಯೇ ಕೇಳಿದೆವು. ಯಾರೂ ಉತ್ತರಿಸಲಿಲ್ಲ. ಅಷ್ಟರಲ್ಲಿ ಮಗುವಿನ ತಾಯಿ, ಮದುವೆಯಾದಂದಿನಿಂದ ನಮ್ಮೆದುರು ದನಿ ಎತ್ತದವಳು, ಪೆನ್ನು ತೆಗೆದುಕೊಂಡು ಸಹಿ ಮಾಡಿಬಿಟ್ಟಳು. ಈಗ ವಿಶೇಷ ಶಿಕ್ಷಕರು ಹುಡುಗನಿಗೆ ಮರಳ ಮೇಲೆ ಬೆರಳಿನಿಂದ ಅಕ್ಷರ ತಿದ್ದಿಸುತ್ತಿದ್ದಾರೆ. ಒತ್ತಕ್ಷರ ಇನ್ನೂ ಬಂದಿಲ್ಲ. ತಂಗಿ ನಮ್ಮೊಡನೆ ಎರಡು ತಿಂಗಳು ಮಾತು ಬಿಟ್ಟಿದ್ದಳು.

ಈ ಕೆಲಸ ಮುಗಿದ ಮೇಲೆ ನಾವು ಕುರುಗೋಡಿಗೆ ಹೋದೆವು. ದೊಡ್ಡಬಸವೇಶ್ವರನ ದರ್ಶನವೆಂದು ಮನೆಯಲ್ಲಿ ಹೇಳಿದ್ದು ಸುಳ್ಳಲ್ಲ. ಆ ಮಹಾ ನಂದಿಯ ಎದುರು ಬಹಳ ಹೊತ್ತು ಕುಳಿತಿದ್ದೆವು. ನಂತರ ವಿಚಾರಿಸುತ್ತ ಹೋಗಿ ಆ ಹಳೆಯ ವಿದ್ಯಾರ್ಥಿಯ ಮನೆಯನ್ನು ಹುಡುಕಿದೆವು. ಅರ್ಧ ತಲೆ ಬೆಳ್ಳಗಾದ, ಐವತ್ತರ ಹತ್ತಿರದ ರೈತ. ಮೆಣಸಿನಕಾಯಿ ಒಣಹಾಕುತ್ತಿದ್ದವನು ಗುರುತು ಹಿಡಿದು ಪಾದಕ್ಕೆರಗಿದನು. ನಾವು ಹೇಳಬೇಕೆಂದುಕೊಂಡು ಹೋದುದನ್ನು ಹೇಳಿದೆವು. ಅವನು ಅಂಗೈಯನ್ನು ಕಿವಿಗೆ ಮರೆಮಾಡಿ ಮುಂದೆ ಬಾಗಿದನು, ಕೇಳಿಸಲಿಲ್ಲ. ಎರಡನೆಯ ಸಲ ಗಟ್ಟಿಯಾಗಿ ಹೇಳಲು ನಮ್ಮಿಂದಾಗಲಿಲ್ಲ. ಅವನ ಹೆಂಡತಿ ಚಹಾ ತಂದಳು. ಅವಳ ಸೀರೆಯ ಸೆರಗನ್ನು ಹಿಡಿದು ಬಂದ ಮೊಮ್ಮಗಳ ಎಡಗಿವಿಯಲ್ಲಿ ಹತ್ತಿಯ ಉಂಡೆ ತುರುಕಿದ್ದಿತು.

ಎಷ್ಟು ದಿನದಿಂದ ಸೋರುತ್ತಿದೆ ಎಂದು ಕೇಳಿದೆವು. ಮಳೆಗಾಲದಿಂದ ಎಂದಳು. ನಮ್ಮ ಜೇಬಿನಲ್ಲಿದ್ದ ಕಾಗದದ ಮೇಲೆ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯ ಕಿವಿ, ಮೂಗು, ಗಂಟಲು ವಿಭಾಗವೆಂದು ದೊಡ್ಡ ಅಕ್ಷರಗಳಲ್ಲಿ ಬರೆದು, ಕೆಳಗೆ ಸೋಮವಾರವೆಂದು ಬರೆದು ಅವನ ಕೈಗೆ ಕೊಟ್ಟೆವು. ಅವನು ಓದಲಾರದೆ ಅದನ್ನು ಹೆಂಡತಿಯ ಕೈಗಿತ್ತನು. ಸೋಮವಾರ ಮುಂಜಾನೆ ಬಸ್ ನಿಲ್ದಾಣದಲ್ಲಿ ನಾವೇ ಕಾಯುತ್ತೇವೆಂದು ಆಕೆಗೆ ಹೇಳಿ ಬಂದೆವು.