ವಿನೋಬನಗರದಿಂದ ಭದ್ರಾವತಿಗೆ

ಪ್ರವಾಸವೆಂದೊಡನೆ ವಾಚಕರು ಕಾಶಿಯನ್ನೋ ರಾಮೇಶ್ವರವನ್ನೋ ನಿರೀಕ್ಷಿಸುವರು. ನಾವು ಈ ಸಲ ಹೋಗಿಬಂದದ್ದು ಶಿವಮೊಗ್ಗೆಯ ವಿನೋಬನಗರದಿಂದ ಭದ್ರಾವತಿಗೆ. ಹೆಚ್ಚೆಂದರೆ ಹನ್ನೆರಡು ಹದಿಮೂರು ಮೈಲಿಯ ಹಾದಿ. ಆದರೂ ಆ ಒಂದು ದಿನದಲ್ಲಿ ನಮ್ಮ ಮನಸ್ಸು ಜಪಾನು ದೇಶದವರೆಗೆ ಅಲೆದು ಬಂದುದರಿಂದ ಇದನ್ನು ಪ್ರವಾಸವೆಂದೇ ಕರೆಯುತ್ತೇವೆ. ವಿಷಯವು ಮದ್ಯಕ್ಕೆ ಸಂಬಂಧಿಸಿದುದು. ಹಾಗೆಂದು ಮನೆಯ ಹೆಣ್ಣುಮಕ್ಕಳು ಈ ಪುಟವನ್ನು ಮಗುಚಬೇಕಾಗಿಲ್ಲ. ಏಕೆಂದರೆ ಈ ಮದ್ಯವು ಕುಡಿಯುವುದಕ್ಕಲ್ಲ, ಬೀರುವಿನಲ್ಲಿ ಇಡುವುದಕ್ಕೆ.

ನಾವಿರುವ ಬಡಾವಣೆಗೆ ಭೂದಾನಕ್ಕಾಗಿ ಊರೂರು ನಡೆದ ವಿನೋಬಾ ಭಾವೆಯವರ ಹೆಸರು. ಭೂಮಿಯನ್ನು ದಾನವಾಗಿ ಬೇಡಿದ ಮಹನೀಯರ ಹೆಸರಿನ ಈ ನೆಲದಲ್ಲಿ ಇಂದು ಮೂವತ್ತು ನಲವತ್ತರ ಒಂದು ನಿವೇಶನವನ್ನು ನಮ್ಮಂಥ ಉಪಾಧ್ಯಾಯರು ಕೊಳ್ಳುವುದು ಕನಸಿನ ಮಾತು. ಕಾಲ ಚೆನ್ನಾಗಿದ್ದಾಗ ಕಟ್ಟಿಕೊಂಡ ಮನೆಯಾದುದರಿಂದ ನಾವು ಉಳಿದುಕೊಂಡಿದ್ದೇವೆ. ಮಳೆಗಾಲದಲ್ಲಿ ಮಾತ್ರ ನಡುಮನೆಯ ತಾರಸಿಯು ಎರಡು ಕಡೆ ಸೋರುವುದು. ಕಳೆದ ವರ್ಷ ನಿವೃತ್ತರಾದಾಗ ಕೈಗೆ ಬಂದ ಹಣದಲ್ಲಿ ಮೊದಲು ಅದನ್ನು ಸರಿಪಡಿಸಬೇಕೆಂಬುದು ನಮ್ಮ ಮನೆಯಾಕೆಯ ಸಂಕಲ್ಪ.

ಹೀಗಿರಲು, ಸಿಂಗಪುರದಲ್ಲಿ ಉದ್ಯೋಗದಲ್ಲಿರುವ ನಮ್ಮ ಸೋದರಳಿಯನು ರಜೆಯ ಮೇಲೆ ಭದ್ರಾವತಿಗೆ ಬಂದವನು ನಮಗೆ ಹೇಳಿಕಳುಹಿಸಿದನು: "ಮಾವ, ನಿಮ್ಮ ಹಣವನ್ನು ಬ್ಯಾಂಕಿನಲ್ಲಿ ಕೊಳೆಯಿಸಬೇಡಿ. ಒಮ್ಮೆ ಬನ್ನಿ, ಒಂದು ವಸ್ತುವನ್ನು ತೋರಿಸುತ್ತೇನೆ." ಅವನು ಕೇಳಿದ್ದು ಐದು ಲಕ್ಷ ರೂಪಾಯಿ. ನಮ್ಮ ಅಕ್ಕನ ಒಬ್ಬನೇ ಮಗ. ಅಮರಕೋಶದ ಮೊದಲ ವರ್ಗಗಳನ್ನು ನಮ್ಮ ತೊಡೆಯ ಮೇಲೆ ಕುಳಿತು ಬಾಯಿಪಾಠ ಮಾಡಿದವನು. ಹೋಗದಿರಲು ಮನಸ್ಸು ಬರಲಿಲ್ಲ.

ಬಸ್ಸು ನಿದಿಗೆಯನ್ನು ದಾಟಿ, ಮಾಚೇನಹಳ್ಳಿಯ ಕಾರ್ಖಾನೆಗಳನ್ನು ಹಿಂದಿಕ್ಕಿ ಹೋಗುವಾಗ ಕಿಟಕಿಯ ಹೊರಗೆ ಅಡಕೆಯ ತೋಟ, ಗದ್ದೆ, ಮತ್ತೆ ಗೋಡೌನು, ಮತ್ತೆ ಗದ್ದೆ. ಭದ್ರಾವತಿಗೆ ಹಿಂದೆ ಬೆಂಕಿಪುರವೆಂದು ಹೆಸರು. ಕಬ್ಬಿಣದ ಕುಲುಮೆ ಬರುವುದಕ್ಕೆ ಬಹು ಮೊದಲೇ ಈ ಹೆಸರಿದ್ದಿತೆಂಬುದು ವಿನೋದದ ಸಂಗತಿ. ಭದ್ರಾ ನದಿಯ ಸೇತುವೆಯ ಮೇಲೆ ನಾವು ಎಂದಿನಂತೆ ಕೈಮುಗಿದೆವು. ಹಳೆಯ ಊರಿನಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹನ ಗುಡಿ ಇದೆ. ಅಲ್ಲಿಗೆ ಹೋಗಿಬಂದ ಮೇಲೆಯೇ ಅಕ್ಕನ ಮನೆ ಎಂಬುದು ನಮ್ಮ ಪದ್ಧತಿ.

ಅಕ್ಕನ ಮನೆ ಪೇಪರ್ ಟೌನಿನ ಮಗ್ಗುಲಿನಲ್ಲಿದೆ. ನಮ್ಮ ಭಾವನವರು ಮೈಸೂರು ಕಾಗದದ ಕಾರ್ಖಾನೆಯಲ್ಲಿ ದುಡಿದವರು. ೧೯೩೬ರಲ್ಲಿ ಸ್ಥಾಪಿತವಾದ ಆ ಸಂಸ್ಥೆಯು ಬಿದಿರು, ನೀಲಗಿರಿಗಳನ್ನು ಅರೆದು ಕಾಗದ ಮಾಡಿತು. ೧೯೮೦ರ ದಶಕದಿಂದ ವೃತ್ತಪತ್ರಿಕೆಯ ಕಾಗದವನ್ನೂ ಒದಗಿಸಿತು. ೨೦೧೫ರ ಸುಮಾರಿಗೆ ಯಂತ್ರಗಳು ನಿಂತವು. ಭಾವನವರು ಅದಕ್ಕೆ ಮೊದಲೇ ನಿವೃತ್ತರಾಗಿದ್ದರು. ಅಳಿಯನು ಆ ಕಾರ್ಖಾನೆಯ ಸೈರನ್ನಿನ ಸದ್ದಿಗೆ ಎದ್ದು ಶಾಲೆಗೆ ಹೋದ ಹುಡುಗ.

ಊಟವಾದ ಮೇಲೆ ಅವನು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿದ ಒಂದು ಪೆಟ್ಟಿಗೆಯನ್ನು ತಂದು, ದೇವರ ವಿಗ್ರಹವನ್ನು ಇಳಿಸುವಂತೆ ಚಾಪೆಯ ಮೇಲೆ ಇಳಿಸಿದನು. ಒಳಗೆ ಒಂದು ಸೀಸೆ, ಅದರಲ್ಲಿ ಹಳೆಯ ಜೇನಿನ ಬಣ್ಣದ ದ್ರವ. "ಇದು ಕರುಯಿಜಾವಾ ಎಂಬ ವಿಸ್ಕಿ. ಇದನ್ನು ಮಾಡಿದ ಭಟ್ಟಿ ಈಗ ಭೂಮಿಯ ಮೇಲೆ ಇಲ್ಲ, ಮಾವ" ಎಂದನು. ಅಕ್ಕ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಮುಚ್ಚಳವನ್ನು ತೆಗೆದೇ ಇರಲಿಲ್ಲ!

ಅವನು ಹೇಳಿದ ವೃತ್ತಾಂತ ಸ್ವಾರಸ್ಯವಾಗಿದ್ದುದರಿಂದ ಇಲ್ಲಿ ಸಂಗ್ರಹಿಸುತ್ತೇವೆ. ಅಕ್ಕಿಯ ಮದ್ಯವನ್ನು ತಯಾರಿಸುವ ಮನೆತನದಲ್ಲಿ ಹುಟ್ಟಿದ ಮಸಾತಾಕಾ ತಾಕೆತ್ಸುರು ಎಂಬ ತರುಣನು ೧೯೧೮ರಲ್ಲಿ ಸ್ಕಾಟ್ಲೆಂಡಿಗೆ ಹೋಗಿ ಅಲ್ಲಿಯ ವಿಸ್ಕಿಯ ವಿದ್ಯೆಯನ್ನು ಕಲಿತನು. ೧೯೨೦ರಲ್ಲಿ ರೀಟಾ ಎಂಬ ಅಲ್ಲಿಯ ಕನ್ಯೆಯನ್ನು ವರಿಸಿ ಸ್ವದೇಶಕ್ಕೆ ಮರಳಿದನು. ೧೯೨೩ರಲ್ಲಿ ತೋರಿಯಿ ಎಂಬ ವರ್ತಕನು ಕ್ಯೋಟೋ ಪಟ್ಟಣದ ಸಮೀಪದ ಯಮಜಾಕಿಯಲ್ಲಿ ಕಟ್ಟಿಸತೊಡಗಿದ ಭಟ್ಟಿಗೆ ಇವನ ವಿದ್ಯೆಯೇ ಆಧಾರ. ೧೯೩೪ರಲ್ಲಿ ಉತ್ತರದ ಯೋಯಿಚಿಯಲ್ಲಿ ಇವನು ತನ್ನದೇ ಭಟ್ಟಿಯನ್ನು ಆರಂಭಿಸಿದನು. ಅನಂತರ ಇತರರೂ ತೊಡಗಿದರು. ಅಸಾಮಾ ಎಂಬ ಜ್ವಾಲಾಮುಖಿಯ ತಪ್ಪಲಿನ ಕರುಯಿಜಾವಾ ೧೯೫೦ರ ದಶಕದ ನಡುವಿನದು. ೧೯೮೦ರ ದಶಕದಲ್ಲಿ ಜಪಾನೀಯರಿಗೆ ವಿಸ್ಕಿಯ ಮೇಲಿನ ರುಚಿ ಇಳಿಯಿತು. ೨೦೦೦ದಲ್ಲಿ ಕರುಯಿಜಾವಾ ನಿಂತಿತು. ಹಾನ್ಯು ಎಂಬ ಇನ್ನೊಂದು ಭಟ್ಟಿಯೂ ಅದೇ ವರ್ಷ ಆರಿತು.

ಹಾನ್ಯುವಿನ ಒಡೆತನವು ಕೈ ಬದಲಾದಾಗ, ಉಳಿದ ಸುಮಾರು ೪೦೦ ಪೀಪಾಯಿಗಳ ಗತಿಯೇನೆಂಬ ಪ್ರಶ್ನೆ ಬಂದಿತು. ಮನೆತನದ ಕುಡಿಯಾದ ಇಚಿರೋ ಅಕುತೋ ಎಂಬಾತನು ಅವುಗಳನ್ನು ಉಳಿಸಿಕೊಂಡು, ಪರಸ್ಥಳದ ಉಗ್ರಾಣದಲ್ಲಿ ಇರಿಸಿ, ಇಸ್ಪೀಟಿನ ಒಂದೊಂದು ಎಲೆಯ ಚಿತ್ರವನ್ನು ಅಂಟಿಸಿ ಸೀಸೆಗಳನ್ನು ಹೊರಡಿಸಿದನು. ಜೋಕರುಗಳೂ ಸೇರಿ ೫೪ ಎಲೆ. ಪೂರ್ಣ ಕಟ್ಟೊಂದು ೨೦೧೫ರಲ್ಲಿ ಹಾಂಗ್‌ಕಾಂಗಿನ ಹರಾಜಿನಲ್ಲಿ ಸುಮಾರು ೩೮ ಲಕ್ಷ ಅಲ್ಲಿಯ ಡಾಲರಿಗೆ ಹೋಯಿತು. ೨೦೧೯ರಲ್ಲಿ ಇನ್ನೊಂದು ಕಟ್ಟು ಸುಮಾರು ೭೨ ಲಕ್ಷಕ್ಕೆ. ನಮ್ಮ ಹಣದಲ್ಲಿ ಆರು ಕೋಟಿಗೆ ಮೀರಿದ ಮೊತ್ತ! ೧೯೬೦ರ ಒಂದು ಪೀಪಾಯಿಯಿಂದ ತುಂಬಿದ ಕರುಯಿಜಾವಾದ ಒಂದೇ ಸೀಸೆ ೨೦೨೦ರಲ್ಲಿ ಲಂಡನ್ನಿನ ಹರಾಜಿನಲ್ಲಿ ೩,೬೩,೦೦೦ ಪೌಂಡಿಗೆ ಮಾರಿತಂತೆ.

"ಇದರ ಮರ್ಮ ಸುಲಭ, ಮಾವ. ಹೊಸದು ಹುಟ್ಟುವುದಿಲ್ಲ. ಯಾರೋ ಒಬ್ಬ ಶ್ರೀಮಂತ ಒಂದನ್ನು ಒಡೆದು ಕುಡಿದರೆ ಉಳಿದವುಗಳ ಬೆಲೆ ಏರುತ್ತದೆ."

ನಮಗೆ ವೈದ್ಯಗ್ರಂಥಗಳ ಪುರಾಣಘೃತದ ನೆನಪಾಯಿತು. ಹತ್ತು ವರ್ಷಕ್ಕೆ ಮೀರಿದ ತುಪ್ಪಕ್ಕೆ ವೈದ್ಯರು ವಿಶೇಷ ಗುಣಗಳನ್ನು ಹೇಳುವರು. ಆಸವಾರಿಷ್ಟಗಳೂ ಹಳತಾದಷ್ಟು ಮೇಲು. ಸೀಸೆಯಲ್ಲಿದ್ದರೆ ಇದರ ಗುಣವೂ ಹಾಗೆಯೇ ಏರುವುದೋ ಎಂದು ವಿಚಾರಿಸಿದೆವು. ಇಲ್ಲವೆಂದನು. ಪೀಪಾಯಿಯ ಮರದೊಡನೆ ಇರುವಷ್ಟು ಕಾಲವೇ ಪಾಕ. ಸೀಸೆಗೆ ಇಳಿದ ಮೇಲೆ ಅದು ಇದ್ದಂತೆಯೇ ಇರುವುದು, ಬಿರಡೆ ಸಡಿಲವಾದರೆ ಆವಿಯಾಗಿ ಕುಗ್ಗುವುದು. ಎಂದರೆ ವಸ್ತು ಬೆಳೆಯುವುದಿಲ್ಲ, ಆಸೆ ಮಾತ್ರ ಬೆಳೆಯುವುದು.

ಆಗ ಭಾವನವರು, ಅದುವರೆಗೆ ಅಡಕೆ ಕತ್ತರಿಸುತ್ತಿದ್ದವರು, ಮೆಲ್ಲನೆದ್ದು ಒಳಗಿನಿಂದ ಒಂದು ರೀಮು ಬಿಳಿಯ ಕಾಗದವನ್ನು ತಂದು ಸೀಸೆಯ ಪಕ್ಕದಲ್ಲಿಟ್ಟರು. ಕಟ್ಟು ಒಡೆದಿರಲಿಲ್ಲ. "ಇದೂ ಇನ್ನು ಹುಟ್ಟುವುದಿಲ್ಲವಪ್ಪ. ಇದಕ್ಕೆ ಯಾವ ಊರಿನಲ್ಲಿ ಹರಾಜು ಕೂಗುವರು?" ಎಂದರು. ಅಳಿಯನು ನಕ್ಕನು; ಅವರು ನಗಲಿಲ್ಲ.

ಸಂಜೆ ಭಾವನವರೊಡನೆ ಕಬ್ಬಿಣದ ಕಾರ್ಖಾನೆಯ ಕಡೆಗೆ ತಿರುಗಾಡಲು ಹೋದೆವು. ಭಟ್ಟಿಯ ಮಾತು ಬಂದುದರಿಂದ ಇಲ್ಲಿಯ ಭಟ್ಟಿಯನ್ನೂ ಹೇಳಲೇಬೇಕು. ಈ ಮಾತಿಗೆ ಮೂಲವು ಸಂಸ್ಕೃತದ ಭ್ರಾಷ್ಟ್ರ, ಹುರಿಯುವ ಒಲೆ. ಯಮಜಾಕಿಯ ಕೆಲಸ ತೊಡಗಿದ ವರ್ಷವೇ, ೧೯೨೩ರ ಜನವರಿಯಲ್ಲಿ, ಇಲ್ಲಿ ಮೈಸೂರು ಸಂಸ್ಥಾನದ ಊದುಕುಲುಮೆಯು ಹೊತ್ತಿತು. ಕೆಮ್ಮಣ್ಣುಗುಂಡಿಯಿಂದ ಅದಿರು ಬರುತ್ತಿದ್ದಿತು. ಕಲ್ಲಿದ್ದಲು ದೂರವಾದುದರಿಂದ ಮಲೆನಾಡಿನ ಕಟ್ಟಿಗೆಯ ಇದ್ದಿಲೇ ಆಧಾರ. ಕಟ್ಟಿಗೆಯನ್ನು ಬಯಲಿನಲ್ಲಿ ಸುಟ್ಟರೆ ಹೊಗೆಯೆಲ್ಲ ಆಕಾಶದ ಪಾಲು; ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ ಆವಿಯನ್ನು ತಣಿಸಿದರೆ ಇದ್ದಿಲಿನ ಜೊತೆಗೆ ಟಾರು, ಅಸಿಟೇಟು, ಮರದ ಸಾರಾಯಿ ಎಲ್ಲವೂ ದೊರೆಯುವುವು. ಈ ಮರದ ಸಾರಾಯಿ, ಎಂದರೆ ಮೆಥಿಲ್ ಆಲ್ಕೊಹಾಲು, ಕುಡಿದವರ ಕಣ್ಣನ್ನೂ ಪ್ರಾಣವನ್ನೂ ತೆಗೆಯುವ ವಿಷ. ಕೈಗಾರಿಕೆಗೆ ಮಾತ್ರ ಉಪಯೋಗ. ಮುಂದೆ ವಿದ್ಯುತ್ತಿನ ಕುಲುಮೆಗಳು ಬಂದವು; ಕಟ್ಟಿಗೆಯ ಭಟ್ಟಿ ಈಗ ಇಲ್ಲ. ಮುಚ್ಚಿಹೋದ ಆ ಭಟ್ಟಿಯ ಸೀಸೆಯನ್ನು ಯಾರೂ ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಂಡಿಲ್ಲ. ೨೦೨೩ರ ಜನವರಿಯಲ್ಲಿ, ಕುಲುಮೆ ಹೊತ್ತಿ ಸರಿಯಾಗಿ ನೂರು ವರ್ಷಕ್ಕೆ, ಕಬ್ಬಿಣದ ಕಾರ್ಖಾನೆಯನ್ನೇ ಮುಚ್ಚುವ ತೀರ್ಮಾನ ಹೊರಬಿದ್ದು ಕಾರ್ಮಿಕರು ಧರಣಿ ಕುಳಿತದ್ದನ್ನು ಭಾವನವರು ದಾರಿಯಲ್ಲಿ ನಿಂತು ನಿಂತು ಹೇಳಿದರು.

ರಾತ್ರಿ ನಾವು ನೀರು ಕುಡಿಯಲು ಅಡಿಗೆಯ ಮನೆಗೆ ಹೋದಾಗ ಅಕ್ಕ ಒಲೆಯ ಕಟ್ಟೆಯನ್ನು ಒರೆಸುತ್ತಿದ್ದಳು. ಅವಳ ಕೈಯಲ್ಲಿ ಗಾಜಿನ ಬಳೆಗಳು ಮಾತ್ರ. ಅಮ್ಮ ಕೊಟ್ಟ ನಾಲ್ಕು ಚಿನ್ನದ ಬಳೆಗಳು ಎಲ್ಲಿ ಎಂದು ಕೇಳಿದೆವು. "ಸೊಸೈಟಿಯಲ್ಲಿ ಇವೆ. ಮಗು ಒಂದು ವರ್ಷದಲ್ಲಿ ಬಿಡಿಸುತ್ತೇನೆ ಅಂದ. ಎರಡಾಯಿತು. ನಿಮ್ಮ ಭಾವನವರಿಗೆ ಹೇಳಬೇಡ" ಎಂದಳು. ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ.

ಬೆಳಗ್ಗೆ ಅಳಿಯನನ್ನು ಭದ್ರೆಯ ದಂಡೆಗೆ ಕರೆದುಕೊಂಡು ಹೋಗಿ ಕೇಳಿದೆವು: "ಈ ಸೀಸೆಯನ್ನು ಭದ್ರಾವತಿಯಲ್ಲಿ ಮಾರಬಲ್ಲೆಯಾ?" ಪರವಾನಗಿಯಿಲ್ಲದೆ ಮಾರಿದರೆ ಅಬಕಾರಿ ಕಾನೂನಿನಂತೆ ಅಪರಾಧವೆಂದು ಅವನೇ ಒಪ್ಪಿದನು, ಹೊರದೇಶದಿಂದ ಬರುವವನು ಸುಂಕವಿಲ್ಲದೆ ತರಬಹುದಾದುದೂ ಎರಡೇ ಲೀಟರು. ಖಾಲಿ ಸೀಸೆಗೆ ಬೇರೆಯದನ್ನು ತುಂಬಿ ಮಾರುವ ವಂಚಕರಿಲ್ಲವೆ? ಇದ್ದಾರೆ. ಬೆಲೆ ಏರುತ್ತಲೇ ಇದೆಯೆ? ಇದಕ್ಕೆ ಅವನು ನೀರನ್ನೇ ನೋಡುತ್ತ ನಿಂತನು. ೨೦೨೨ರ ಬಳಿಕ ಹರಾಜುಗಳಲ್ಲಿ ಬೆಲೆ ಇಳಿಮುಖವಂತೆ. "ಈಗ ಅಗ್ಗ, ಮಾವ; ಅದಕ್ಕೇ ಈಗ ಕೊಳ್ಳಬೇಕು."

"ಮೊದಲು ಒಂದು ಸೀಸೆಯನ್ನು ಮಾರಿ ನಿನ್ನ ಅಮ್ಮನ ಬಳೆಗಳನ್ನು ಬಿಡಿಸು. ಅವಳ ಕೈಗೆ ಅವು ಬಂದ ದಿನ ನಮ್ಮ ಐದು ಲಕ್ಷದ ಮಾತು ಆಡೋಣ" ಎಂದೆವು. ಅವನ ಮುಖ ಕೆಂಪಾಯಿತು. ಅಮ್ಮ ಹೇಳಿದಳೇ ಎಂದು ಕೇಳಿದನು. ಕೈ ನೋಡಿದೆವು ಎಂದೆವು. ಅವನು ದುಷ್ಟನಲ್ಲ; ಊರಿನ ಕಾರ್ಖಾನೆ ನಿಂತುದನ್ನು ಕಂಡವನಿಗೆ, ನಿಂತುಹೋದುದಕ್ಕೂ ಬೆಲೆ ಕಟ್ಟುವ ಒಂದು ಲೋಕ ಕಂಡಾಗ ಮೋಹವಾದುದು ಆಶ್ಚರ್ಯವಲ್ಲ.

ವಿನೋಬನಗರಕ್ಕೆ ಮರಳಿದ ಮೇಲೆ ಮನೆಯಾಕೆಗೆ ಎಲ್ಲವನ್ನೂ ಹೇಳಿದೆವು. ಅವಳು ದೇವರ ಗೂಡಿನಿಂದ ಮೇಣದ ಬಿರಡೆಯ ಒಂದು ಕಿರುಸೀಸೆಯನ್ನು ತೆಗೆದಳು. ಶಿವಮೊಗ್ಗೆಯಲ್ಲಿ ೧೯೪೪ರಲ್ಲಿ ಆರಂಭವಾದ ಸರಕಾರದ ಗಂಧದೆಣ್ಣೆಯ ಕಾರ್ಖಾನೆಯದೆಂದು ನಮ್ಮ ತಂದೆಯವರು ತಂದಿಟ್ಟಿದ್ದ ಎಣ್ಣೆ. ಅದೂ ಭಟ್ಟಿಯಲ್ಲಿ ಇಳಿದುದೇ. ಚೇಗಿನ ಪುಡಿಗೆ ಹಬೆ ಹಾಯಿಸಿ ತೆಗೆಯುವರು. ಹಿಂದೊಮ್ಮೆ ಅಳಿಯನು ಇದನ್ನು ಕಂಡು, "ಅತ್ತೆ, ಇದನ್ನು ತೆರೆಯಬೇಡಿ, ಇನ್ನು ಇಪ್ಪತ್ತು ವರ್ಷ ಇಡಿ" ಎಂದಿದ್ದನಂತೆ. ಅಂದಿನಿಂದ ಅವಳು ಹಬ್ಬಕ್ಕೂ ತೆರೆದಿರಲಿಲ್ಲ.

ಎರಡು ತಿಂಗಳ ಮೇಲೆ ಅಕ್ಕ ದೂರವಾಣಿಯಲ್ಲಿ ಮಾತನಾಡಿದಳು, ಬಳೆಗಳು ಬಂದಿದ್ದವು. ಸೀಸೆಯು ಕೊಂಡುದಕ್ಕಿಂತ ಎಷ್ಟು ಕಡಿಮೆಗೆ ಹೋಯಿತೆಂದು ಅಳಿಯನು ತಿಳಿಸಲಿಲ್ಲ, ನಾವೂ ಕೇಳಲಿಲ್ಲ. ಐದು ಲಕ್ಷದ ಮಾತನ್ನು ಅವನೂ ಎತ್ತಿಲ್ಲ. ತಾರಸಿಯ ಕೆಲಸ ಮಳೆಗೆ ಮುಂಚೆ ಮುಗಿಯಿತು. ಕೆಲಸದವರು ಹೋದ ದಿನ ಸಂಜೆ ಮನೆಯಾಕೆ ಬಿರಡೆಯ ಮೇಣವನ್ನು ಕೆರೆದು, ಹಿತ್ತಾಳೆಯ ಕಡ್ಡಿಯ ತುದಿಯಿಂದ ಒಂದು ಹನಿ ತೆಗೆದು ದೇವರಿಗೆ ಇಟ್ಟಳು. ನಡುಮನೆಯಲ್ಲಿ ಗಾರೆಯ ವಾಸನೆ ಇನ್ನೂ ಇದ್ದಿತು. ಸ್ವಲ್ಪ ಹೊತ್ತಿಗೆ ಗಂಧದ್ದೂ ಬಂದಿತು.