ಚಿಕ್ಕ ಕಾರು, ಹಿಂದೊಂದು ಮನೆ: ಕೆಲವು ಟಿಪ್ಪಣಿಗಳು

ಸ್ಯಾಕ್ರಮೆಂಟೊ ಸುತ್ತಮುತ್ತಲಿನ ಟ್ರೇಲರ್ ಅಂಗಡಿಗಳ ಅಂಗಳದಲ್ಲಿ ಎರಡೇ ಅಂಕಿ ಕಿವಿಗೆ ಬೀಳುತ್ತವೆ. ನಿಮ್ಮ ಕಾರು ಎಷ್ಟು ಎಳೆಯುತ್ತದೆ? ಈ ಟ್ರೇಲರ್ ಖಾಲಿ ಇದ್ದಾಗ ಎಷ್ಟು ತೂಗುತ್ತದೆ? ಮೊದಲನೆಯದು ದೊಡ್ಡದಾಗಿದ್ದರೆ ವ್ಯಾಪಾರ ಕುದುರಿದ ಹಾಗೆ. ಖಾಲಿ ಟ್ರೇಲರ್ ಕಟ್ಟಿಕೊಂಡು ಯಾರೂ ಕಾಡಿಗೆ ಹೋಗುವುದಿಲ್ಲ. ನೀರು, ಗ್ಯಾಸು, ಅಕ್ಕಿ, ಕುಕ್ಕರು, ಹೊದಿಕೆ ಎಲ್ಲ ಅದರೊಳಗೇ ಬರಬೇಕು. ಹಾಗಿದ್ದೂ ಮಾತುಕತೆಯೆಲ್ಲ ಖಾಲಿ ತೂಕದ ಮೇಲೇ ನಡೆಯುವುದೇಕೆ ಎಂಬುದು ನನ್ನ ಮೊದಲ ಬೆರಗು.

*

ಹುಡುಕಾಟ ಅಕ್ಕ, ಭಾವ, ಅವರ ಮಗಳಿಗಾಗಿ. ಬೇಸಿಗೆಗೆ ಶಿವಮೊಗ್ಗದಿಂದ ಅಪ್ಪ, ಅಮ್ಮ ಬರುತ್ತಾರೆ. ಟೆಂಟು ಹಾಕಿ ನೆಲದ ಮೇಲೆ ಮಲಗಲು ಅಮ್ಮನ ಮಂಡಿ ಬಿಡುವುದಿಲ್ಲ. ಮನೆಯಲ್ಲಿರುವುದು ಮಿನಿವ್ಯಾನ್. ದೊಡ್ಡ ಪಿಕಪ್ ಟ್ರಕ್ ಕೊಳ್ಳುವ ಆಸೆಯೂ ಇಲ್ಲ, ನಿಲ್ಲಿಸಲು ಜಾಗವೂ ಇಲ್ಲ. ಸಿಯೆನಾ, ಒಡಿಸ್ಸಿಯಂಥ ಮಿನಿವ್ಯಾನ್‌ಗಳು ಎಳೆಯಬಹುದಾದ ಗರಿಷ್ಠ ಭಾರ 3,500 ಪೌಂಡ್, ಅಂದರೆ ಸುಮಾರು 1,588 ಕೆಜಿ.

"ಕಾರಿನ ಪುಸ್ತಕದಲ್ಲೇ 3,500 ಅಂತ ಇದೆಯಲ್ಲ ಮಾರಾಯ, ಮತ್ತೇನು ಯೋಚನೆ?" ಎಂದರು ಭಾವ.

"ಇದೆ ಭಾವ. ಆದರೆ ಆ ಲೆಕ್ಕದಲ್ಲಿ ಇಬ್ಬರೇ ಕೂತಿದ್ದಾರೆ. ನೀವು ಐದು ಜನ."

*

ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಹಳದಿ-ಬಿಳಿ ಚೀಟಿಯೊಂದು ಅಂಟಿಸಿರುತ್ತದೆ. ಟೈರಿನ ಗಾಳಿಯ ಲೆಕ್ಕ ನೋಡುವವರು ಕೂಡ ಅದರ ಮೇಲಿನ ಸಾಲನ್ನು ಓದುವುದಿಲ್ಲ. ಜನ, ಸಾಮಾನು ಸೇರಿ ಇಷ್ಟು ಭಾರ ಮೀರಬಾರದು ಎಂದು ಅಲ್ಲಿ ಬರೆದಿರುತ್ತದೆ. ಇದೇ ಪೇಲೋಡ್. ಟ್ರೇಲರ್ ಆಯ್ಕೆಯ ಯಜಮಾನ ಈ ಸಾಲು ಎಂದು ನನಗೆ ಮನವರಿಕೆಯಾಗಿದೆ. ಏಕೆಂದರೆ ಟ್ರೇಲರ್‌ನ ಮೂತಿ ಕಾರಿನ ಹಿಂದಿನ ಗುಂಡಿನ ಮೇಲೆ ಊರುವ ಭಾರವೂ ಇದರಲ್ಲೇ ಕಳೆಯಬೇಕು. ಆ ಭಾರಕ್ಕೆ ಇಲ್ಲಿಯವರು ಟಂಗ್ ವೆಯ್ಟ್ ಎನ್ನುತ್ತಾರೆ. ತುಂಬಿದ ಟ್ರೇಲರ್‌ನ ತೂಕದಲ್ಲಿ ಶೇಕಡ 10ರಿಂದ 15ರಷ್ಟು ಅದಾಗಿರಬೇಕು.

ಭಾವನ ವ್ಯಾನಿನ ಚೀಟಿಯಲ್ಲಿ 1,150 ಪೌಂಡ್ ಇದೆ. ಐದು ಜನರ ತೂಕ 655. ವ್ಯಾನಿನೊಳಗಿನ ಚೀಲ, ಐಸ್ ಪೆಟ್ಟಿಗೆ, ಮಡಚುವ ಕುರ್ಚಿಗಳಿಗೆ 150. ಟ್ರೇಲರ್ ಕಟ್ಟುವ ಕೊಂಡಿಯ, ಅಂದರೆ ಹಿಚ್‌ನ ಕಬ್ಬಿಣಕ್ಕೆ 45. ಉಳಿದದ್ದು 300. ಅದು ಶೇಕಡ 12 ಆಗಬೇಕಾದರೆ ತುಂಬಿದ ಟ್ರೇಲರ್ 2,500 ಪೌಂಡ್ ದಾಟುವಂತಿಲ್ಲ. ಶೇಕಡ 15 ಎಂದರೆ 2,000. ಪುಸ್ತಕದ 3,500ರಲ್ಲಿ ಕಡಿಮೆಯೆಂದರೂ ಸಾವಿರ ಕುಟುಂಬ ಕಾರಿಗೆ ಹತ್ತಿದ ಕೂಡಲೇ ಕರಗಿಹೋಯಿತು.

ಭಾವ ಆ ಕಾಗದ ನೋಡಿ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಾಗಾದರೆ ಅಂಗಡಿಯವರು ತೋರಿಸಿದ್ದು?" ಎಂದರು. ಅವರು ತೋರಿಸಿದ್ದರ ಖಾಲಿ ತೂಕವೇ 2,900.

*

ಮೂತಿಯ ಮೇಲೆ ಅಷ್ಟು ಭಾರ ಯಾಕೆ ಬೇಕು? ಎತ್ತಿನ ಗಾಡಿ ಹೇರುವವರಿಗೆ ಇದನ್ನು ವಿವರಿಸಬೇಕಿಲ್ಲ. ಹಿಂದೆ ಹೆಚ್ಚು ಹೇರಿದರೆ ಮೂಕಿ ಮೇಲೇಳುತ್ತದೆ, ನೊಗ ಹೆಗಲು ಬಿಡುತ್ತದೆ. ಟ್ರೇಲರ್‌ನಲ್ಲಿ ಇದರ ಫಲ ಇನ್ನೂ ಭೀಕರ. ಅಚ್ಚಿನ ಹಿಂದೆ ಭಾರ ಹೆಚ್ಚಾದರೆ ವೇಗದಲ್ಲಿ ಅದು ಎಡಕ್ಕೂ ಬಲಕ್ಕೂ ತೂಗಾಡತೊಡಗುತ್ತದೆ. ಒಂದೊಂದು ತೂಗಿಗೂ ಬಲ ಬೆಳೆದು ಕೊನೆಗೆ ಕಾರನ್ನೇ ತಿರುಗಿಸಿಬಿಡಬಲ್ಲದು. ಆಗ ಕಾರಿನ ಬ್ರೇಕ್ ಒತ್ತಬಾರದು. ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಸ್ಟೀರಿಂಗ್ ನೇರ ಹಿಡಿದು, ಟ್ರೇಲರ್‌ನ ಬ್ರೇಕನ್ನು ಮಾತ್ರ ಕೈಯಿಂದ ಹಾಕಬೇಕು. ಹಿಂದಿನ ಬಂಪರಿಗೆ ಸೈಕಲ್ ತೂಗುಹಾಕಿ ಹೋಗುವವರನ್ನು ಕಂಡರೆ ನನಗೆ ಈಗ ಎದೆ ನಡುಗುತ್ತದೆ. ನೀರಿನ ಟ್ಯಾಂಕ್ ಅಚ್ಚಿನ ಮುಂದಿದೆಯೋ ಹಿಂದಿದೆಯೋ ಎಂದು ಕೊಳ್ಳುವ ಮೊದಲು ಬಗ್ಗಿ ನೋಡಬೇಕು.

*

ನೀರಿನ ಮಾತು ಬಂತು. ಒಂದು ಗ್ಯಾಲನ್ ನೀರು 8.34 ಪೌಂಡ್. 20 ಗ್ಯಾಲನ್ ತುಂಬಿಸಿದರೆ 167. ಇಲ್ಲಿ ಸಾಮಾನ್ಯವಾಗಿ ಬಳಸುವ ಪ್ರೊಪೇನ್ ಸಿಲಿಂಡರ್ ತುಂಬಿದಾಗ ಸುಮಾರು 37 ಪೌಂಡ್. ಬ್ಯಾಟರಿ, ಮೇಲ್ಚಾವಣಿಯ ಎ.ಸಿ., ಅಂಗಡಿಯಲ್ಲೇ ಜೋಡಿಸುವ ಬಿಸಿಲುಪರದೆ ಇವು ಬ್ರೋಷರಿನ ಖಾಲಿ ತೂಕದಲ್ಲಿ ಎಷ್ಟೋ ಸಲ ಸೇರಿರುವುದಿಲ್ಲ. ಟ್ರೇಲರ್‌ನ ಎಡಪಕ್ಕದಲ್ಲಿ, ಮುಂಭಾಗಕ್ಕೆ ಅಂಟಿಸಿದ ಚೀಟಿಯಲ್ಲಿ ಜಿ.ವಿ.ಡಬ್ಲ್ಯು.ಆರ್. ಎಂಬ ಅಂಕಿ ಇರುತ್ತದೆ. ತುಂಬಿದ ಮೇಲೂ ಆ ಟ್ರೇಲರ್ ಮೀರಬಾರದ ತೂಕ ಅದು. ನಾನು ಆ ಅಂಕಿಯನ್ನೇ ಟ್ರೇಲರ್‌ನ ತೂಕವೆಂದು ಹಿಡಿಯುತ್ತೇನೆ. ಮನೆ ನಡೆಸುವವರು ಅದನ್ನು ಬೇಗ ಮುಟ್ಟುತ್ತಾರೆ. ಹಣೆಯ ಮೇಲೆ "ಅಲ್ಟ್ರಾಲೈಟ್" ಎಂದು ಬರೆದಿದ್ದರೂ 5,000 ಪೌಂಡ್ ದಾಟುವ ಟ್ರೇಲರ್‌ಗಳಿವೆ.

*

ಎಳೆಯುವ ಅಂಕಿಯನ್ನು ಕಂಪನಿಗಳು ಸುಮ್ಮನೆ ಹೇಳುವುದಿಲ್ಲ, ಅದೂ ನಿಜ. ಜೆ2807 ಎಂಬ ಅಳತೆಗೋಲು ಇದೆ. ಅದನ್ನು ಮೊದಲು ಒಪ್ಪಿ ನಡೆದದ್ದು ಟೊಯೊಟಾ, 2011ರ ಮಾದರಿಗಳಿಂದ. ಅದರ ಒಂದು ಪರೀಕ್ಷೆ ಅರಿಜೋನಾದ ಡೇವಿಸ್ ಡ್ಯಾಮ್ ಏರಿನದು. ಬುಲ್‌ಹೆಡ್ ಸಿಟಿ ಬಳಿಯಿಂದ 11.4 ಮೈಲಿ, ಎ.ಸಿ. ಪೂರ್ತಿ ಹಾಕಿಕೊಂಡು, ಸಾಮಾನ್ಯ ಕಾರು-ಪಿಕಪ್‌ಗಳು ಗಂಟೆಗೆ 40 ಮೈಲಿಗಿಂತ ಕೆಳಗೆ ಬೀಳದೆ ಹತ್ತಬೇಕು. ಮೆಚ್ಚಬೇಕಾದ ಪರೀಕ್ಷೆ. ಆದರೆ ಸಣ್ಣ ಗಾಡಿಗಳಿಗೆ ಆ ಲೆಕ್ಕದಲ್ಲಿ ಚಾಲಕ ಮತ್ತು ಇನ್ನೊಬ್ಬರು ಮಾತ್ರ, ತಲಾ 150 ಪೌಂಡಿನವರು. ಅಜ್ಜ, ಅಜ್ಜಿ, ಮೊಮ್ಮಗಳು ಅಲ್ಲಿಲ್ಲ.

ಇನ್ನೊಂದು ಬೆರಗು ಇದಕ್ಕೆ ಅಂಟಿಕೊಂಡಿದೆ. ಅಮೆರಿಕದಲ್ಲಿ ಹೋಂಡಾ ಸಿ.ಆರ್.ವಿ.ಗೆ 1,500 ಪೌಂಡ್, ಅಂದರೆ 680 ಕೆಜಿ. ಯುರೋಪಿನಲ್ಲಿ ಅದೇ ಹೆಸರಿನ ಕೆಲವು ಮಾದರಿಗಳು 1,500 ಕೆಜಿ ಎಳೆದಿವೆ. ಎಂಜಿನ್ ಬೇರೆ ಎಂಬುದಷ್ಟೇ ಕಾರಣವಲ್ಲ. ಅಲ್ಲಿಯ ಕ್ಯಾರವಾನ್‌ಗಳು ಮೂತಿಯ ಮೇಲೆ ಕಡಿಮೆ ಭಾರ ಊರುತ್ತವೆ, ಹೆಚ್ಚಿನವು 100 ಕೆಜಿಯೊಳಗೆ. 750 ಕೆಜಿ ದಾಟಿದರೆ ಬ್ರೇಕ್ ಕಡ್ಡಾಯ. ಜರ್ಮನಿಯಲ್ಲಿ ಕ್ಯಾರವಾನ್ ಎಳೆಯುವವರಿಗೆ ಸಾಮಾನ್ಯ ಮಿತಿ ಗಂಟೆಗೆ 80 ಕಿ.ಮೀ., ವಿಶೇಷ ಅನುಮತಿ ಇದ್ದರೆ 100. ನಿಧಾನ ಹೋಗುವವರಿಗೆ ಕಡಿಮೆ ಟಂಗ್ ವೆಯ್ಟ್ ಸಾಲುತ್ತದೆ. ಅಲ್ಲಿಯ ಅಂಕಿಯನ್ನು ಇಲ್ಲಿಯ ಹೆದ್ದಾರಿಗೆ ತಂದು ವಾದಿಸುವವರು ಆ ನಿಧಾನವನ್ನೂ ತರಬೇಕು.

*

1947ರ ಒಂದು ಫೋಟೊ ಪ್ರಸಿದ್ಧ. ಫ್ರೆಂಚ್ ಸೈಕಲ್ ಪಟು ಆಲ್ಫ್ರೆಡ್ ಲೆಟೂರ್ನರ್ ಏರ್‌ಸ್ಟ್ರೀಮ್ ಟ್ರೇಲರನ್ನು ಸೈಕಲ್‌ಗೆ ಕಟ್ಟಿ ಎಳೆಯುತ್ತಿದ್ದಾರೆ. ನೋಡಿದವರಿಗೆ, ಇಷ್ಟು ಹಗುರವೇ, ಎನಿಸುತ್ತದೆ. ಆ ಚಿತ್ರವನ್ನು ನಾನು ಬೇರೆ ರೀತಿ ಓದುತ್ತೇನೆ. ಸಮತಟ್ಟಿನಲ್ಲಿ ಉರುಳಿಸುವುದು ಕಷ್ಟವಲ್ಲ. ನಿಲ್ಲಿಸುವುದು, ಗಾಳಿಯಲ್ಲಿ ಹಿಡಿದಿಡುವುದು, ಘಟ್ಟ ಇಳಿಸುವುದು ಕಷ್ಟ. ಅದಕ್ಕೆ ಸೈಕಲ್ಲೂ ಸಾಲದು, ಕೆಲವೊಮ್ಮೆ ಮಿನಿವ್ಯಾನೂ ಸಾಲದು.

ಗಾಳಿ ಬೇರೆಯದೇ ಲೆಕ್ಕ. ವೇಗ ದುಪ್ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು. ಕಾರಿಗಿಂತ ಮೂರು ಅಡಿ ಎತ್ತರದ ಚಪ್ಪಟೆ ಗೋಡೆಯನ್ನು ಹಿಂದೆ ಕಟ್ಟಿಕೊಂಡರೆ ತೂಕ ಎಷ್ಟೇ ಕಡಿಮೆಯಿದ್ದರೂ ಎಂಜಿನ್ ಬಳಲುತ್ತದೆ. ಕೆಲವು ಕಂಪನಿಗಳ ಕೈಪಿಡಿ ಟ್ರೇಲರ್‌ನ ಮುಂಗೋಡೆಯ ವಿಸ್ತೀರ್ಣಕ್ಕೂ ಮಿತಿ ಹಾಕಿದೆ. ಸ್ಯಾಕ್ರಮೆಂಟೊ ಸಮುದ್ರಮಟ್ಟಕ್ಕೆ ಹತ್ತಿರ, ತಾಹೋ ಸರೋವರಕ್ಕೆ ಹೋಗುವ ಡಾನರ್ ಘಟ್ಟ ಸುಮಾರು 7,200 ಅಡಿ. ಎತ್ತರ 1,000 ಅಡಿ ಏರಿದ ಹಾಗೆಲ್ಲ ಒಟ್ಟು ತೂಕ ಶೇಕಡ 2 ಇಳಿಸಿ ಎನ್ನುತ್ತದೆ ಫೋರ್ಡ್‌ನ ಕೈಪಿಡಿ. ಡಾನರ್‌ಗೆ ಅದು ಶೇಕಡ 14.

*

ಹಗುರ ಟ್ರೇಲರ್‌ಗಳಲ್ಲಿ ನನ್ನ ಮನಸ್ಸು ಹೋದದ್ದು ಫೈಬರ್‌ಗ್ಲಾಸ್ ಮೊಟ್ಟೆಗಳ ಮೇಲೆ. ಕೆನಡಾದ ವಿನಿಪೆಗ್‌ನಲ್ಲಿ 1968ರಲ್ಲಿ ರೇ ಒಲೆಕೊ ಎಂಬವರು ಬೋಲರ್ ಎಂಬ ಇಂಥ ಟ್ರೇಲರ್ ತಯಾರಿಸಿದರು. ಅದಕ್ಕೂ ಮೊದಲು ಅವರು ಫೈಬರ್‌ಗ್ಲಾಸಿನ ಹಗುರ ಸೆಪ್ಟಿಕ್ ಟ್ಯಾಂಕ್ ಮಾಡಿದ್ದವರು. ಎರಡು ಚಿಪ್ಪು ಅಚ್ಚು ಹೊಯ್ದು ಜೋಡಿಸುವ ಆ ವಿಧಾನದಲ್ಲೇ ಮಿನಸೋಟದ ಬ್ಯಾಕಸ್ ಊರಿನ ಸ್ಕ್ಯಾಂಪ್, ಟೆಕ್ಸಸ್‌ನ ರೈಸ್ ಊರಿನ ಕಸೀಟಾ ಬಂದವು. ಸಂದುಗಳು ಕಡಿಮೆ, ಹಾಗಾಗಿ ಮಳೆನೀರು ಇಳಿದು ಮರದ ಚೌಕಟ್ಟು ಕೊಳೆಯುವ ಗೋಳು ಕಡಿಮೆ. 13 ಅಡಿಯ ಸ್ಕ್ಯಾಂಪ್ ಖಾಲಿ ಇದ್ದಾಗ ಸುಮಾರು 1,200ರಿಂದ 1,500 ಪೌಂಡ್. ದಂಪತಿಗೆ, ಒಂದು ಮಗುವಿಗೆ ಇದಕ್ಕಿಂತ ಒಳ್ಳೆಯದು ಕಾಣೆ. ಐದು ಜನಕ್ಕೆ ಇಕ್ಕಟ್ಟು.

ಅಕ್ಕನ ಮನೆಗೆ ಒಗ್ಗಿದ್ದು ಮಡಚುವ ಪಾಪ್-ಅಪ್. ದಾರಿಯಲ್ಲಿ ಸೊಂಟದೆತ್ತರದ ಪೆಟ್ಟಿಗೆ, ಗಾಳಿಗೆ ಸಿಗುವುದಿಲ್ಲ. ತಲುಪಿದ ಮೇಲೆ ಚಾವಣಿ ಏರಿಸಿ, ಎರಡು ಬದಿಗೂ ಹಾಸಿಗೆ ಎಳೆದರೆ ಐವರೂ ಮಲಗಬಹುದು. ತುಂಬಿದ ಮೇಲೂ 2,500ರೊಳಗೆ ನಿಲ್ಲುವಂಥವು ಸಿಗುತ್ತವೆ. ಬಟ್ಟೆಯ ಗೋಡೆ ಚಳಿಗೆ ಸಾಲದು ಎಂಬ ಅಕ್ಕನ ಮಾತು ಸರಿ. ಕರಡಿಗಳಿರುವ ಕಡೆ ಇನ್ನೊಂದು ತೊಡಕು. ಯೆಲ್ಲೊಸ್ಟೋನ್‌ನ ಫಿಶಿಂಗ್ ಬ್ರಿಜ್‌ ಟ್ರೇಲರ್ ಬಿಡದಿಯಲ್ಲಿ ಗಟ್ಟಿ ಗೋಡೆಯವಕ್ಕೆ ಮಾತ್ರ ಜಾಗ. ಈ ಎರಡನ್ನೂ ಒಪ್ಪಿಯೇ ನಾನು ಪಾಪ್-ಅಪ್ ಕಡೆ ನಿಂತೆ. ಚಳಿಗೆ ಕಂಬಳಿ ಇದೆ, ಘಟ್ಟದಲ್ಲಿ ಮೀರಿದ ಭಾರಕ್ಕೆ ಏನೂ ಇಲ್ಲ.

*

ಕ್ಯಾಲಿಫೋರ್ನಿಯಾದಲ್ಲಿ 1,500 ಪೌಂಡ್ ಮುಟ್ಟಿದ ಕ್ಯಾಂಪಿಂಗ್ ಟ್ರೇಲರ್‌ಗೆ ಬ್ರೇಕ್ ಇರಲೇಬೇಕು. ಟ್ರೇಲರ್ ಎಳೆಯುವವರಿಗೆ ವೇಗದ ಮಿತಿ ಗಂಟೆಗೆ 55 ಮೈಲಿ. ಟ್ರೇಲರ್‌ನಲ್ಲಿ ವಿದ್ಯುತ್ ಬ್ರೇಕ್ ಇದ್ದರೆ ಸಾಲದು, ಅದನ್ನು ಆಡಿಸುವ ಕಂಟ್ರೋಲರ್ ಮತ್ತು ವೈರಿಂಗ್ ವ್ಯಾನಿನಲ್ಲೂ ಬೇಕು. ಆ ಖರ್ಚನ್ನು ಟ್ರೇಲರ್‌ನ ಬೆಲೆಗೆ ಮೊದಲೇ ಸೇರಿಸಿಕೊಳ್ಳಿ.

ಅಂಗಡಿಗೆ ಹೋಗುವ ಮುನ್ನ ಬಾಗಿಲಿನ ಚೀಟಿಯ ಫೋಟೊ ಫೋನಿನಲ್ಲಿರಲಿ, ಮನೆಯವರೆಲ್ಲರ ತೂಕ ಕಾಗದದಲ್ಲಿರಲಿ. ಕೊಂಡ ಮೇಲೆ ಮೊದಲ ಪ್ರಯಾಣದ ದಿನ ಎಲ್ಲ ತುಂಬಿಸಿ, ಎಲ್ಲರನ್ನೂ ಕೂರಿಸಿಕೊಂಡು, ಹೆದ್ದಾರಿಯ ಟ್ರಕ್ ನಿಲ್ದಾಣದಲ್ಲಿರುವ ಕ್ಯಾಟ್ ಸ್ಕೇಲ್ ಮೇಲೆ ನಿಲ್ಲಿಸಿ. ಒಂದೊಂದು ಅಚ್ಚಿನ ಭಾರವೂ ಅಚ್ಚಾಗಿ ಕೈಗೆ ಬರುತ್ತದೆ. ಮೀರಿದ್ದರೆ ಅಲ್ಲೇ ನೀರು ಚೆಲ್ಲಿ, ಸಾಮಾನು ಇಳಿಸಿ. ಮೀರಿದ ಭಾರದೊಂದಿಗೆ ಘಟ್ಟ ಹತ್ತಬೇಡಿ.