ನಾನೂ ಒಂದು ಪಾತ್ರ ಕೇಳಿದೆ

ನಾನು ಇದುವರೆಗೆ ಮೂರು ಸಲ ನಾಟಕದ ಪಾತ್ರದ ಆಯ್ಕೆಗೆ ಹೋಗಿದ್ದೇನೆ. ಎರಡು ಸಲ ಚಹಾ ಕುಡಿದು ವಾಪಸು ಬಂದೆ. ಮೂರನೆಯ ಸಲ ಏನಾಯಿತೆಂಬುದನ್ನು ಕೊನೆಗೆ ಹೇಳುತ್ತೇನೆ. ನಮ್ಮ ಕಾಮರ್ಸಿನವರ ಪದ್ಧತಿಯೇ ಹಾಗೆ. ಮೊದಲು ಖರ್ಚು ಬರೆಯುವುದು, ಕಡೆಗೆ ಉಳಿಕೆ ತೆಗೆಯುವುದು.

ಈ ಹುಚ್ಚು ಹತ್ತಿಸಿದವರು ಅಪ್ಪ. ಅವರು ಹದಿನಾಲ್ಕನೆಯ ವಯಸ್ಸಿನಲ್ಲಿ ಊರಿನಿಂದ ಬಸ್ಸು ಹತ್ತಿ ಮುಂಬಯಿಗೆ ಬಂದವರು. ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸುವುದು, ರಾತ್ರಿ ಕೋಟೆಯ ಕಡೆ ಕನ್ನಡ ರಾತ್ರಿ ಶಾಲೆಗೆ ಹೋಗುವುದು. ರಾತ್ರಿ ಶಾಲೆಯ ವಾರ್ಷಿಕೋತ್ಸವ ಎಂದರೆ ನಾಟಕ ಇರಲೇಬೇಕು. ಒಂದು ವರ್ಷ ಅಪ್ಪ ಪೋಲೀಸನಾಗಿದ್ದರಂತೆ. ಇದ್ದದ್ದು ಒಂದೇ ಮಾತು: "ಯಾರದು ಅಲ್ಲಿ?" ಇವತ್ತಿಗೂ ನಮ್ಮ ಜೋಗೇಶ್ವರಿಯ ಖೋಲಿಯ ಬಾಗಿಲನ್ನು ಯಾರಾದರೂ ತಟ್ಟಿದರೆ ಅಪ್ಪ ಅದೇ ಗತ್ತಿನಲ್ಲಿ "ಯಾರದು ಅಲ್ಲಿ?" ಎನ್ನುತ್ತಾರೆ. ಹಾಲಿನ ಭೈಯಾನಿಗೆ ಕನ್ನಡ ಬಾರದು, ಆದರೆ ಈ ಒಂದು ಮಾತು ಅವನಿಗೂ ಬಾಯಿಪಾಠ ಆಗಿದೆ.

ಇನ್ನು ನನ್ನ ಕನ್ನಡದ ವಿಚಾರ. ಮನೆಯಲ್ಲಿ ನಮ್ಮದು ತುಳು. ಚಾಳಿನಲ್ಲಿ ಹಿಂದಿ, ಮರಾಠಿ. ಕನ್ನಡ ಬಂದದ್ದು ಶಾಲೆಯಿಂದ. ಏಳನೆಯವರೆಗೆ ಪಾಲಿಕೆಯ ಕನ್ನಡ ಮಾಧ್ಯಮದಲ್ಲಿ ಕಲಿತೆ, ಹತ್ತರವರೆಗೂ ಕನ್ನಡವನ್ನು ಬಿಡಲಿಲ್ಲ. ಹಾಗಾಗಿ ಕನ್ನಡ ನನಗೆ ತಾಯಿ ಮಾತಲ್ಲ, ಮಾಸ್ತರ ಮಾತು. ನಿಬಂಧಕ್ಕೆ ಹತ್ತಕ್ಕೆ ಒಂಬತ್ತು ಅಂಕ ತೆಗೆದವನು ನಾನು. ಆದ್ದರಿಂದ ನಾಟಕದಲ್ಲಿ ನನ್ನನ್ನು ಯಾರು ತಡೆದಾರು ಎಂದುಕೊಂಡಿದ್ದೆ!

ತಡೆದರು.

ಮೊದಲನೆಯ ಸಲ, ಎಫ್.ವೈ.ಯಲ್ಲಿದ್ದಾಗ, ಉಪನಗರದ ಒಂದು ಸಂಘಕ್ಕೆ ಹೋದೆ. ಹೆಸರು ಬೇಡ, ಮುಂದೆಯೂ ಹೋಗಬೇಕಲ್ಲ. ಭಾನುವಾರ ಸಂಜೆ ನಾಲ್ಕಕ್ಕೆ ಕರೆದಿದ್ದರು. ವಿರಾರ್ ಫಾಸ್ಟ್ ನಮ್ಮ ಸ್ಟೇಷನ್ನನ್ನು ಲೆಕ್ಕಕ್ಕೇ ಹಿಡಿಯದೆ ಓಡುತ್ತದೆ, ಆದ್ದರಿಂದ ಸ್ಲೋ ಗಾಡಿ ಹಿಡಿದು, ಮೂರಕ್ಕೇ ತಲುಪಿ, ಒಂದು ಗಂಟೆ ಮೆಟ್ಟಿಲ ಮೇಲೆ ಕೂತೆ. ಗಿರೀಶ ಕಾರ್ನಾಡರ 'ತುಘಲಕ್' ನಾಟಕದ ಒಂದು ಪುಟ ಓದಲು ಕೊಟ್ಟರು. ಪ್ರತಿ ಅಕ್ಷರವನ್ನೂ, ಪ್ರತಿ ಒತ್ತನ್ನೂ ಸ್ಪಷ್ಟವಾಗಿ ಓದಿದೆ. ಮಹಾಪ್ರಾಣ ಒಂದೂ ತಪ್ಪಲಿಲ್ಲ. ಓದಿ ಮುಗಿಸಿ ತಲೆ ಎತ್ತಿದರೆ ನಿರ್ದೇಶಕರು ಕಣ್ಣು ಮುಚ್ಚಿ ಕೂತಿದ್ದಾರೆ. ಧಾರವಾಡ ಕಡೆಯ ಹಿರಿಯರು.

"ಛಲೋ ಓದ್ತಿ ತಮ್ಮಾ," ಎಂದರು. "ಆದ್ರ ರೇಡಿಯೋದಾಗ ವಾರ್ತಾ ಓದಿದಂಗ ಆತು. ಸುಲ್ತಾನ ಹಂಗ ಮಾತಾಡಿದ್ರ ದಿಲ್ಲಿ ಮಂದಿ ಎಲ್ಲಾ ಮಲಗಿಬಿಡ್ತಿದ್ರು."

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗದೆ ಏನು ಮಾಡುವುದು? ಚಹಾ ಬಂತು, ಕುಡಿದೆ.

ಆಮೇಲೆ ನನಗೆ ಛಲ ಹಿಡಿಯಿತು. ಖೋಲಿಯಲ್ಲಿ ಜೋರಾಗಿ ಮಾತಾಡಿದರೆ ಪಕ್ಕದವರು ಜಗಳ ಎಂದು ಓಡಿ ಬರುತ್ತಾರೆ. ಹೀಗಾಗಿ ಬೆಳಿಗ್ಗೆ ಆರಕ್ಕೆ ಜೋಗೇಶ್ವರಿ ಗುಹೆಗೆ ಹೋಗತೊಡಗಿದೆ. ನೀವು ನೋಡಿರಲಿಕ್ಕಿಲ್ಲ, ಸುತ್ತ ಮನೆಗಳು ಒತ್ತಿಕೊಂಡಿರುವ ಜಾಗದಲ್ಲಿ, ಮೆಟ್ಟಿಲಿಳಿದು ನೆಲದ ಮಟ್ಟದಿಂದ ಕೆಳಗೆ ಹೋದರೆ, ಆರನೆಯ ಶತಮಾನದ ದೊಡ್ಡ ಶೈವ ಗುಹೆ. ಸಾಲು ಕಂಬಗಳು, ನಡುವೆ ಗರ್ಭಗುಡಿ, ಒಂದು ಕಡೆ ನಮ್ಮ ಬಡಾವಣೆಗೇ ಹೆಸರು ಕೊಟ್ಟ ಜೋಗೇಶ್ವರಿ ದೇವಿ. ಮಳೆಗಾಲದಲ್ಲಿ ಒಳಗೆಲ್ಲ ನೀರು ತೊಟ್ಟಿಕ್ಕುತ್ತದೆ. ಅಲ್ಲಿ ನಿಂತು ಒಂದು ಮಾತು ಆಡಿದರೆ ಅದು ಕತ್ತಲೆಯೊಳಗೆ ತಿರುಗಿ ಎರಡಾಗಿ ಬರುತ್ತದೆ. ನನ್ನ ಸ್ವರ ಅಷ್ಟು ದೊಡ್ಡದಾಗಿ ನನಗೆ ಕೇಳಿಸಿದ್ದು ಅದೇ ಮೊದಲು. ನಾಲ್ಕನೆಯ ದಿನ ಪೂಜೆಗೆ ಬಂದ ಮುದುಕಿಯೊಬ್ಬಳು ಮರಾಠಿಯಲ್ಲಿ, "ಮಗಾ, ದೇವಿಗೆ ಕಿವಿ ಚೆನ್ನಾಗಿ ಕೇಳಿಸ್ತದೆ, ಮೆಲ್ಲಗೆ ಬೇಡಿಕೋ," ಎಂದಳು.

ಎರಡನೆಯ ಸಲ ಬೇರೆ ಊರು, ಬೇರೆ ಸಂಘ. ಈ ಸಲ ಕೈಲಾಸಂ ಅವರ 'ಟೊಳ್ಳುಗಟ್ಟಿ'. ಅದರಲ್ಲಿ ಪುಸ್ತಕದ ಹುಳುವಾದ ಒಬ್ಬ ಮಗ, ಮನೆಗೆ ಆಸರೆಯಾಗುವ ಇನ್ನೊಬ್ಬ ಮಗ. ನನಗೆ ಯಾವುದನ್ನು ಓದಲು ಕೊಟ್ಟರೆಂದು ಹೇಳಬೇಕಾಗಿಲ್ಲ. ಅದು ಮೈಸೂರು ಕಡೆಯ ಮನೆಗಳ ಆಡುಮಾತು. ಅರ್ಧ ಕನ್ನಡ, ಅರ್ಧ ಇಂಗ್ಲಿಷ್, ನಡುವೆ ನುಂಗಿದ ಅಕ್ಷರಗಳು. ನನ್ನ ಬಾಯಲ್ಲಿ ನುಂಗಿದ ಅಕ್ಷರಗಳೆಲ್ಲ ಮತ್ತೆ ಎದ್ದು ಕೂತವು! ಕೂತಿದ್ದ ಮೂವರಲ್ಲಿ ಒಬ್ಬರು ಕೇಳಿದರು: "ಮನೆಮಾತು ಕನ್ನಡ ಅಲ್ವಾ?"

"ಅಲ್ಲ ಸರ್. ತುಳು."

"ಅದಕ್ಕೇ!"

ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಮರುಕ್ಷಣವೇ ಮರೆತೂ ಇರಬಹುದು. ಆದರೆ ಆ "ಅದಕ್ಕೇ" ನನ್ನ ಸಂಗಡವೇ ಗಾಡಿ ಹತ್ತಿತು. ಅಂಧೇರಿ ದಾಟುವವರೆಗೂ ಇಳಿಯಲಿಲ್ಲ. ಊರಿಗೆ ಹೋದರೆ ನಮ್ಮನ್ನು ಬೊಂಬಾಯಿಯವರು ಎನ್ನುತ್ತಾರೆ. ಇಲ್ಲಿ ಹೊರಗಿನವರು. ಕನ್ನಡ ಸಂಘದೊಳಗಾದರೂ ಒಳಗಿನವನಾಗುತ್ತೇನೆ ಎಂದುಕೊಂಡಿದ್ದೆ. ಹತ್ತು ವರ್ಷ ಕನ್ನಡದಲ್ಲೇ ಮಗ್ಗಿ, ಇತಿಹಾಸ, ವಿಜ್ಞಾನ ಕಲಿತವನಿಗೆ ಆ ಒಂದು ಪದ ಎಷ್ಟು ದೂರ ತಳ್ಳಿತೆಂದು, ನಿಮ್ಮಲ್ಲಿ ಯಾರ ಮನೆಯಲ್ಲಿ ತುಳುವೋ ಕೊಂಕಣಿಯೋ ಉಂಟೋ ಅವರಿಗೆ ಗೊತ್ತಾಗಬಹುದು.

ಮರುದಿನ ಲೈಬ್ರರಿಯಲ್ಲಿ ಕಾಸ್ಟಿಂಗ್ ಪುಸ್ತಕ ಮುಚ್ಚಿಟ್ಟು ನಾಟಕಕಾರರ ಪರಿಚಯಗಳನ್ನು ಹುಡುಕಿದೆ. ಕೈಲಾಸಂ (1884-1946) ಅವರ ಮನೆಮಾತು ತಮಿಳು. ಕಾರ್ನಾಡರು ಹುಟ್ಟಿದ್ದು 1938ರಲ್ಲಿ, ನಮ್ಮ ಮುಂಬಯಿಯ ಪಕ್ಕದ ಮಾಥೆರಾನದಲ್ಲಿ, ಮನೆಮಾತು ಕೊಂಕಣಿ. 'ತುಘಲಕ್' 1964ರಲ್ಲಿ ಬಂದಾಗ ಅವರಿಗೆ ಇಪ್ಪತ್ತಾರು ವರ್ಷ. ಬೇಂದ್ರೆಯವರ ಮನೆಯಲ್ಲಿ ಮರಾಠಿ. ಹಾಗಾದರೆ ಇವರಿಗೆಲ್ಲ ಯಾರೂ "ಅದಕ್ಕೇ" ಅನ್ನಲಿಲ್ಲವೇ? ಅಂದಿರಬಹುದು. ಇವರು ಬರೆಯುವುದನ್ನು ನಿಲ್ಲಿಸಲಿಲ್ಲ, ಅಷ್ಟೇ.

ಇದರಿಂದ ಸಮಾಧಾನವಾಯಿತು. ಆದರೆ ಸಮಾಧಾನದಿಂದ ಅಭಿನಯ ಬರುವುದಿಲ್ಲವಲ್ಲ! ಪ್ರಾಮಾಣಿಕವಾಗಿ ಲೆಕ್ಕ ಹಾಕಿದರೆ, ನಾನು ಎರಡು ಕಡೆಯೂ ಪರೀಕ್ಷೆ ಬರೆದಿದ್ದೆ, ಮಾತಾಡಿರಲಿಲ್ಲ. ಕೈಲಾಸಂ ಅವರದು ಮಾಸ್ತರ ಮಾತಲ್ಲ. ಅವರು ಓಣಿಯಲ್ಲಿ, ಜಗಲಿಯಲ್ಲಿ ಕೇಳಿದ ಮಾತು. ಅವರು ಕೇಳಿದ್ದರು. ನಾನು ಬರೀ ಓದಿದ್ದೆ.

ಈ ವರ್ಷ ಮೊದಲಿನ ಸಂಘದಿಂದಲೇ ಮತ್ತೆ ಸಂದೇಶ ಬಂತು. ಸದಸ್ಯರೊಬ್ಬರು ಬರೆದ ಹೊಸ ನಾಟಕ, ಒಂದು ಹೋಟೆಲಿನಲ್ಲಿ ನಡೆಯುವ ಕತೆ. ಅದೇ ಧಾರವಾಡದ ನಿರ್ದೇಶಕರು. ನನ್ನನ್ನು ನೋಡಿ, "ವಾರ್ತಾ ಓದೋ ತಮ್ಮ ಬಂದಾ," ಎಂದರು. ಈ ಸಲ ಕೈಗೆ ಕಾಗದ ಕೊಡಲಿಲ್ಲ. "ಏನರ ನಿಮ್ಮ ಮನೀದು ಹೇಳು, ನೋಡೂಣು," ಎಂದರು.

ನಾನು ಅಪ್ಪನ ಕತೆ ಹೇಳಿದೆ. ರಾತ್ರಿ ಹನ್ನೊಂದಕ್ಕೆ ಹೋಟೆಲು ಮುಚ್ಚಿ ಬಂದು, ಕಾಲು ನೀರಿನಲ್ಲಿ ಇಟ್ಟುಕೊಂಡು, ಅಮ್ಮನಿಗೆ ಆ ದಿನದ ಗಿರಾಕಿಗಳನ್ನೆಲ್ಲ ಅಪ್ಪ ನಟಿಸಿ ತೋರಿಸುವುದು. ಸಾಂಬಾರು ಮೂರು ಸಲ ಕೇಳುವ ಗುಜರಾತಿ ಸೇಠ್, ಒಂದು ಚಹಾವನ್ನು ಇಬ್ಬರು ಹಂಚಿಕೊಳ್ಳುವ ಕಾಲೇಜಿನ ಜೋಡಿ. ನಡುವೆ ಯಾರೋ ಬಾಗಿಲು ತಟ್ಟಿದ್ದು, ಅಪ್ಪ ನೀರಿನಿಂದ ಕಾಲು ತೆಗೆಯದೆಯೇ "ಯಾರದು ಅಲ್ಲಿ?" ಎಂದದ್ದು. ಹೇಳುತ್ತಾ ಹೇಳುತ್ತಾ ನಾನು ಕೂತೇ ಬಿಟ್ಟಿದ್ದೆ, ಕಾಲ ಬಳಿ ಬಾಲ್ದಿ ಇದ್ದ ಹಾಗೆ. ಕೋಣೆಯಲ್ಲಿ ಯಾರೂ ನಗಲಿಲ್ಲ. ನಿರ್ದೇಶಕರ ಕಣ್ಣು ತೆರೆದಿತ್ತು. "ಈಗ ಮಾತಾಡಿದಿ ನೋಡು," ಎಂದರು.

ಪಾತ್ರ ಸಿಕ್ಕಿತೆಂದುಕೊಂಡಿರಾ? ಇಲ್ಲ. ಮಾಣಿಯ ಪಾತ್ರ ಪದಾಧಿಕಾರಿಗಳೊಬ್ಬರ ಅಳಿಯನಿಗೆ ಹೋಯಿತು. ಅದು ಮೊದಲೇ ಠರಾವಾಗಿತ್ತಂತೆ. ನಿರ್ದೇಶಕರು ನನ್ನ ಮುಖ ನೋಡದೆ, "ಪ್ರಾಂಪ್ಟಿಂಗ್ ಮಾಡ್ತೀಯೇನು?" ಎಂದು ಕೇಳಿದರು. ಸಿಟ್ಟು ಬಂತು. ಒಪ್ಪಿಕೊಂಡೆ.

ಎರಡು ತಿಂಗಳು, ವಾರಕ್ಕೆ ಮೂರು ರಾತ್ರಿ, ಎಂಟರಿಂದ ಹತ್ತೂವರೆಯ ತನಕ ತಾಲೀಮು. ಕಂಪೆನಿ ನಾಟಕದವರಿಗೆ ನಾಟಕವೇ ಅನ್ನ. ಹವ್ಯಾಸಿಗಳು ಬೇರೆಲ್ಲೋ ಅನ್ನ ದುಡಿದು ಬಂದು ಇಲ್ಲಿ ಹಸಿವು ತೀರಿಸಿಕೊಳ್ಳುವವರು. ಬ್ಯಾಂಕಿನವರು, ಟ್ಯೂಷನ್ ಹೇಳುವ ಒಬ್ಬ ಅಕ್ಕ, ಕ್ಯಾಂಟೀನು ನಡೆಸುವವರು, ಎಲ್ಲ ಗಾಡಿಯ ಬೆವರಿನಲ್ಲೇ ಬಂದು, ವಡಾಪಾವ್ ತಿಂದು ಶುರು ಮಾಡುತ್ತಿದ್ದರು. ಪುಸ್ತಕ ಹಿಡಿದವನಿಗೆ ಮಾತ್ರ ತಿಳಿಯುವ ಒಂದು ಸಂಗತಿ ಉಂಟು. ನಟ ಮಾತು ಮರೆತು ಸುಮ್ಮನಾಗುವುದು ಬೇರೆ, ಬೇಕೆಂದು ಸುಮ್ಮನಾಗುವುದು ಬೇರೆ. ಎರಡನ್ನೂ ಗುರುತಿಸಬೇಕಾದರೆ ಉಸಿರು ಕೇಳಬೇಕು. ತಪ್ಪು ಜಾಗದಲ್ಲಿ ಪಿಸುಗುಟ್ಟಿ ಎಷ್ಟು ಸಲ ಬೈಗುಳ ತಿಂದೆನೋ! ಅಂತೂ ಕಿವಿ ಕಲಿಯಿತು.

ಪ್ರಯೋಗದ ದಿನ ಅಪ್ಪ ಅರ್ಧ ದಿನ ರಜೆ ಕೇಳಿ ಬಂದರು, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು. ನಾನು ಪ್ರಾಂಪ್ಟರ್ ಎಂದು ಹೇಳಿದ್ದೆ. ಅದೂ ಒಂದು ವೇಷ ಎಂದು ತಿಳಿದಿದ್ದರೋ ಏನೋ. ಅಳಿಯ ಮಹಾಶಯ ಎರಡನೆಯ ದೃಶ್ಯದಲ್ಲಿ ಮಾತು ಮರೆತ. ಹೇಳಿಕೊಟ್ಟೆ. ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದೆ. ಮೂರನೆಯ ಸಲ ಗಾಬರಿಯಲ್ಲಿ ಸ್ವರ ಏರಿತು, ಮುಂದಿನ ಸಾಲಿನವರು ಕಿಸಕ್ಕೆಂದರು. ಪ್ರಾಂಪ್ಟರನಿಗೆ ಇದಕ್ಕಿಂತ ದೊಡ್ಡ ಅಪರಾಧವಿಲ್ಲ.

ನಾಟಕ ಮುಗಿದ ಮೇಲೆ ಮುಖ ತಗ್ಗಿಸಿ ಹೊರಗೆ ಬಂದೆ. ಅಪ್ಪ ಚಪ್ಪಲಿ ಬಿಟ್ಟ ಜಾಗದಲ್ಲಿ ನಿಂತಿದ್ದರು.

"ಕಡೆಯ ಸಾಲಿನಲ್ಲಿ ಕೂತಿದ್ದೆ," ಎಂದರು ತುಳುವಿನಲ್ಲಿ. "ನಿನ್ನ ಸ್ವರ ಅಲ್ಲಿಯವರೆಗೆ ಕೇಳಿತು."

ನನಗೆ ಅಳು, ನಗು ಒಟ್ಟಿಗೇ ಬಂತು. ತಪ್ಪನ್ನು ಅವರಿಗೆ ಹೇಗೆ ವಿವರಿಸಲಿ? ವಿವರಿಸಲಿಲ್ಲ. ಕಡೆಯ ಗಾಡಿಯಲ್ಲಿ ಇಬ್ಬರೂ ಕೂತು ಮನೆಗೆ ಬಂದೆವು.

ಉಳಿಕೆ: ಒಂದು ಸ್ವರ, ಸ್ವಲ್ಪ ಕಿವಿ. ಬರುವ ಭಾನುವಾರ ಇನ್ನೊಂದು ಸಂಘದಲ್ಲಿ ಆಯ್ಕೆ ಉಂಟು. ಸ್ಲೋ ಗಾಡಿಯಲ್ಲಿ ಬರುವವರು ಯಾರಾದರೂ ಇದ್ದರೆ ಹೇಳಿ, ಜೊತೆಗೆ ಹೋಗೋಣ.